ಹಲಗೆ ಸೀಳೋ ಚೈನ್‌ಸಾ: ಮೊದಲು ಬಾರ್, ಆಮೇಲೆ ಎಂಜಿನ್

ನಮ್ಮ ಕಡೆ ಬಿದ್ದ ಮಾವು, ಬೇವು, ಹಲಸು ಹೆಚ್ಚಾಗಿ ಸೌದೆಗೇ ಹೋಗುತ್ತೆ. ಮಂಡ್ಯದಲ್ಲಿ ನಾಲೆ ಪಕ್ಕ, ಗದ್ದೆ ಬದುವಿನ ಮೇಲೆ ಬಿದ್ದ ಮರದ ಹತ್ತಿರಕ್ಕೆ ಟ್ರ್ಯಾಕ್ಟರ್ ಹೋಗಲ್ಲ. ಹುಣಸೂರು, ಪಿರಿಯಾಪಟ್ಟಣದ ಕಡೆಯಾದರೆ ತುಂಡು ಮಾಡಿ ತಂಬಾಕು ಒಣಗಿಸೋ ಬ್ಯಾರನ್‌ಗೆ ಕೊಟ್ಟುಬಿಡುತ್ತಾರೆ. ಅಂಥ ದಿಮ್ಮಿಯನ್ನು ಬಿದ್ದಲ್ಲೇ ಹಲಗೆ ಮಾಡೋಕೆ ನಾವು ಬಳಸೋದು ಚೈನ್‌ಸಾ, ಅದರ ಬಾರ್‌ಗೆ (ಚೈನ್ ಸುತ್ತುವ ಉದ್ದನೆಯ ಪಟ್ಟಿ) ಬಿಗಿಯುವ ಅಲಾಸ್ಕನ್ ಮಿಲ್ ಚೌಕಟ್ಟು. ದಿಮ್ಮಿ ಸಾಗಿಸೋಕೆ ಆಗುತ್ತೆ ಅನ್ನೋದಾದರೆ ಸಾಮಿಲ್‌ಗೇ ಒಯ್ಯಿರಿ, ಅದೇ ಲಾಭ. ಚೈನ್ ಒಂದೊಂದು ಸೀಳಿಗೂ ಸುಮಾರು 9 ಮಿ.ಮೀ. ಮರವನ್ನು ಹೊಟ್ಟು ಮಾಡುತ್ತೆ. ಮೂರು ಸೀಳಿಗೆ ಒಂದಿಂಚು ಹಲಗೆ ಹೋದಂತೆ. ಸಾಮಿಲ್‌ನ ಬ್ಯಾಂಡ್‌ಸಾ 2-3 ಮಿ.ಮೀ.ನಲ್ಲಿ ಮುಗಿಸುತ್ತೆ.

"ಯಾವ ಮಿಷಿನ್ ತಗೊಳ್ಳಲಿ?" ಅಂತಲೇ ಎಲ್ಲರೂ ಮೊದಲು ಕೇಳೋದು. ನಾವು ಲೆಕ್ಕ ಶುರು ಮಾಡೋದು ದಿಮ್ಮಿಯ ಅಗಲದಿಂದ. ಬಾರ್ ಮೇಲೆ 25 ಇಂಚು ಅಂತ ಬರೆದಿದ್ದರೆ 25 ಇಂಚು ಸೀಳಬಹುದು ಅಂತಲ್ಲ. ಚೌಕಟ್ಟಿನ ಎರಡು ಹಿಡಿತಕ್ಕೆ, ಎಂಜಿನ್ ಕಡೆಯ ಮುಳ್ಳುಪಟ್ಟಿಗೆ 5 ಇಂಚಾದರೂ ಹೋಗುತ್ತೆ. 25ರ ಬಾರ್‌ನಲ್ಲಿ 20 ಇಂಚು, 30ರಲ್ಲಿ 25, 36ರಲ್ಲಿ 30-31 ಇಂಚು ಅಂತಿಟ್ಟುಕೊಳ್ಳಿ. ತೋಟದ ಹಲಸು, ಬೇವು, ಸಿಲ್ವರ್ ಓಕ್‌ಗೆ 25 ಅಥವಾ 30 ಸಾಕು. ರಸ್ತೆ ಬದಿಯ ಮಳೆಮರದ ದಿಮ್ಮಿ ಮೂರಡಿ ದಾಟುತ್ತೆ ನಿಜ, ಆದರೆ ವರ್ಷಕ್ಕೊಂದು ಬರುವ ಅದಕ್ಕಾಗಿ ಉದ್ದದ ಬಾರ್ ಕೊಳ್ಳಬೇಡಿ. ಅಕ್ಕಪಕ್ಕದ ಉಬ್ಬನ್ನು ಮೊದಲು ಚೌಕಟ್ಟಿಲ್ಲದ ಚೈನ್‌ಸಾದಲ್ಲೇ ಕೊಯ್ದು ತೆಗೆದರೆ ದಿಮ್ಮಿ ಚೌಕಟ್ಟಿನೊಳಗೆ ಕೂರುತ್ತೆ. ಬಾರ್ ಉದ್ದ ಆದಷ್ಟೂ ನಡುವೆ ಜೋಲುತ್ತೆ, ಹಲಗೆಯ ಮಧ್ಯ ದಪ್ಪ ತೆಳು ಆಗುತ್ತೆ.

ಬಾರ್ ಗೊತ್ತಾದ ಮೇಲೆ ಎಂಜಿನ್. ಸೀಳೋದು ಅಂದರೆ ಹತ್ತಡಿ ದಿಮ್ಮಿಗೆ ಐದು, ಹತ್ತು ನಿಮಿಷ ಪೂರ್ತಿ ಥ್ರಾಟಲ್, ನಡುವೆ ಬಿಡುವಿಲ್ಲ. ಅಡ್ಡ ಕೊಯ್ಯೋಕೆ ಚೆನ್ನಾಗಿರೋ 58 ಸಿಸಿ ಮಿಷಿನ್‌ಗೆ 22 ಇಂಚಿನ ಬಾರ್ ಹಾಕಿ ಸೀಳಿದರೆ ಪಿಸ್ಟನ್ ಹಿಡಿಯೋದು ಇದಕ್ಕೇ. ಹೊರದೇಶದ ಪಟ್ಟಿಗಳಲ್ಲಿ ಪೈನ್‌ನಂಥ ಮೆದು ಮರಕ್ಕೆ ಕೊಟ್ಟ ಸಿಸಿ ನಮ್ಮ ಹುಣಸೆ, ಜಾಲಿಯ ಮುಂದೆ ನಿಲ್ಲಲ್ಲ, ಒಂದು ಮೆಟ್ಟಿಲು ಮೇಲಿಂದು ಹಿಡಿಯಿರಿ. 25 ಇಂಚಿನ ಬಾರ್‌ಗೆ 70 ಸಿಸಿ ಕನಿಷ್ಠ: ಸ್ಟಿಲ್ ಎಂಎಸ್ 382 (72.2 ಸಿಸಿ), ಹುಸ್ಕ್‌ವರ್ನಾ 372 (70.7 ಸಿಸಿ). 36ಕ್ಕೆ 90 ದಾಟಬೇಕು: ಎಂಎಸ್ 661 (91.1), ಹುಸ್ಕ್‌ವರ್ನಾ 395 (93.6). ಸ್ಟಿಲ್‌ನ ಹಳೇ 070 ಮಾದರಿಯದು 106 ಸಿಸಿ, ನಿಧಾನವಾಗಿ ತಿರುಗಿದರೂ ಎಳೆಯೋ ತಾಕತ್ತು ಜಾಸ್ತಿ. ಆದರೆ ಕೈಗೆ ನಡುಕ ತಡೆಯೋ ಸ್ಪ್ರಿಂಗ್ ಇಲ್ಲ, ಎಷ್ಟೋ ಮಿಷಿನ್‌ಗಳಲ್ಲಿ ಚೈನ್ ಬ್ರೇಕೂ ಇಲ್ಲ. ಅಗ್ಗ ಅಂತ ಅದನ್ನ ಮೊದಲ ಮಿಷಿನ್ ಮಾಡಿಕೊಳ್ಳೋದು ನನಗೆ ಒಪ್ಪಿಗೆಯಿಲ್ಲ.

ಬಾರ್ ಕೊಳ್ಳುವಾಗ ಮೂರು ಹೊಂದಬೇಕು: ಎಂಜಿನ್‌ಗೆ ಕೂರುವ ತೂತು, ಚೈನಿನ ಪಿಚ್ (ಕೊಂಡಿಗಳ ಅಂತರದ ಅಳತೆ), ಗಾಡಿಯ (ಚೈನ್ ಓಡುವ ಬಾರ್ ಅಂಚಿನ ಸಂದು) ದಪ್ಪ. ಸ್ಟಿಲ್‌ನ ದೊಡ್ಡ ಮಿಷಿನ್‌ಗೆ ಸಾಮಾನ್ಯವಾಗಿ 3/8 ಇಂಚು ಪಿಚ್, 1.6 ಮಿ.ಮೀ. ಗಾಡಿ; ಹುಸ್ಕ್‌ವರ್ನಾಕ್ಕೆ 1.5. ಒಂದೂವರೆಯ ಚೈನನ್ನು 1.6ರ ಗಾಡಿಗೆ ಹಾಕಿದರೆ ತಿರುಗುತ್ತೆ, ಆದರೆ ಒಂದು ಪಕ್ಕಕ್ಕೆ ವಾಲಿಕೊಂಡು ತಿರುಗುತ್ತೆ, ಹಲಗೆ ಬಾಗಿ ಬರುತ್ತೆ.

ಅಂಗಡಿಯ ಚೈನ್ ಅಡ್ಡ ಕೊಯ್ಯೋಕೆ ಅಂತ 30 ಡಿಗ್ರಿಗೆ ಅರ ಹಾಕಿದ್ದು. ನಾರಿನ ಉದ್ದಕ್ಕೆ ಸೀಳೋಕೆ 10 ಡಿಗ್ರಿ ಮಾಡಿಕೊಳ್ಳಬೇಕು. ಹೊಸ ಚೈನ್ ಬೇಡ, ಹಳೇದನ್ನೇ ಅರ ಹಾಕಿ ಹಾಕಿ ಸ್ವಲ್ಪಸ್ವಲ್ಪವಾಗಿ ತಿರುಗಿಸಿ. 3/8ಕ್ಕೆ 5.2 ಅಥವಾ 5.5 ಮಿ.ಮೀ. ದುಂಡು ಅರ. ಹಲ್ಲಿನ ಮುಂದಿನ ಗುಬಟು ಹಲ್ಲಿಗಿಂತ 0.65 ಮಿ.ಮೀ. ತಗ್ಗಿರಲಿ. ಬೇಗ ತಿನ್ನಲಿ ಅಂತ ಇನ್ನೂ ತಗ್ಗಿಸಿದರೆ ಹುಣಸೆಯ ಚೇಗಿನಲ್ಲಿ ಹಲ್ಲು ಕಚ್ಚಿ ಎಂಜಿನ್ ಉಸಿರುಗಟ್ಟುತ್ತೆ. ಟ್ಯಾಂಕ್ ಖಾಲಿಯಾದಾಗೆಲ್ಲ ಅರ. ಹೊರಬೀಳೋ ಹೊಟ್ಟನ್ನು ಅಂಗೈಗೆ ಹಾಕಿಕೊಂಡು ನೋಡಿ: ರವೆ ಥರ ತರಿಯಾಗಿದ್ದರೆ ಸರಿ, ಮೈದಾ ಥರ ಆಯಿತೆಂದರೆ ಹಲ್ಲು ಮೊಂಡಾಗಿದೆ, ನೀವು ಸೀಳ್ತಿಲ್ಲ, ಉಜ್ಜುತ್ತಿದ್ದೀರಿ. ರಸ್ತೆ ಬದಿ, ಬೇಲಿಯ ಮರವಾದರೆ ಮೊಳೆ, ತಂತಿ ಒಳಗೆ ಇದ್ದೇ ಇರುತ್ತೆ. ಸೀಳಿದ ಮೈಯಲ್ಲಿ ನೀಲಿಗಪ್ಪು ಕಲೆ ಕಂಡ ತಕ್ಷಣ ನಿಲ್ಲಿಸಿ, ಕಬ್ಬಿಣ ಹತ್ತಿರದಲ್ಲೇ ಇದೆ.

ಮೊದಲ ಸೀಳಿಗೆ ಚೌಕಟ್ಟು ನೇರವಾಗಿ ಜಾರಲಿ ಅಂತ ದಿಮ್ಮಿಯ ಮೇಲೆ ಅಲ್ಯೂಮಿನಿಯಂ ಏಣಿ ಕೂರಿಸಿ ಸ್ಕ್ರೂ ಹಾಕುತ್ತೇವೆ. ಎರಡೂ ತುದಿಗೆ ಒಂದೊಂದು ಅಡಿ ಹೊರಗೆ ಚಾಚಿರಬೇಕು. ಸ್ಕ್ರೂ ಎಷ್ಟು ಇಳಿದಿದೆ, ಚೈನ್ ಎಲ್ಲಿ ಹಾಯುತ್ತೆ ಅಂತ ಅಳೆಯದೆ ಸ್ಟಾರ್ಟ್ ಮಾಡಿದರೆ ಚೈನ್ ಸ್ಕ್ರೂಗೇ ಹೊಡೆಯುತ್ತೆ. ಒಂದೆರಡು ಅಡಿ ಸೀಳಿದ ಮೇಲೆ ಹಿಂದೆ ಮರದ ಬೆಣೆ ಕೊಡುತ್ತಾ ಹೋಗಿ, ಕಬ್ಬಿಣದ್ದು ಬೇಡ. ಒಣಗಿ ಒಂದಿಂಚು ಉಳಿಯಬೇಕಾದ ಹಲಗೆಗೆ ನಾವು ಒಂದೂಕಾಲು ಇಂಚು ಇಡುತ್ತೇವೆ.

ಕಾರ್ಬುರೇಟರ್‌ನಲ್ಲಿ ಎಚ್ ಸ್ಕ್ರೂ (ಪೂರ್ತಿ ಥ್ರಾಟಲ್‌ನಲ್ಲಿ ಪೆಟ್ರೋಲ್ ಹೊಂದಿಸೋದು) ಇರುವ ಮಿಷಿನ್‌ಗೆ ಪೆಟ್ರೋಲ್ ಸ್ವಲ್ಪ ಜಾಸ್ತಿ ಬಿಡಿ. ಮರದಿಂದ ಹೊರಗೆ ಪೂರ್ತಿ ಥ್ರಾಟಲ್ ಕೊಟ್ಟಾಗ ಗೊರಗೊರ ಅನ್ನಬೇಕು, ಮರಕ್ಕೆ ಹೊಕ್ಕ ಮೇಲೆ ಸದ್ದು ಸ್ವಚ್ಛವಾಗಬೇಕು. ಹೊರಗೇ ಕಿರುಚಿದರೆ ಮಿಶ್ರಣ ಬಡವಾಗಿದೆ, ಪಿಸ್ಟನ್ ಕಾಯುತ್ತೆ. ಸೀಳು ಮುಗಿದ ಕೂಡಲೇ ಆಫ್ ಮಾಡಬೇಡಿ, ಒಂದು ನಿಮಿಷ ಐಡಲ್‌ನಲ್ಲಿ ಬಿಡಿ. ಈಗಿನ ಪೆಟ್ರೋಲಿನಲ್ಲಿರೋ ಎಥನಾಲ್ ನೀರು ಎಳೆದುಕೊಳ್ಳುತ್ತೆ. ಎಣ್ಣೆ ಬೆರೆಸಿದ್ದನ್ನು ತಿಂಗಳುಗಟ್ಟಲೆ ಕ್ಯಾನಿನಲ್ಲಿಡಬೇಡಿ.

ಬಾರ್ ಹಾಳಾಗೋದು ಹೆಚ್ಚಾಗಿ ಎಣ್ಣೆಯಿಲ್ಲದೆ. ಪೆಟ್ರೋಲ್ ಮುಗಿದಾಗ ಬಾರ್ ಎಣ್ಣೆ ಅರ್ಧ ಹಾಗೇ ಇದ್ದರೆ ತೂತು ಕಟ್ಟಿದೆ ಅಂತ ಅರ್ಥ. ಹಲಸಿನ ಅಂಟಿಗೆ ಇದು ದಿನಾ ಆಗುತ್ತೆ. ಒಣ ರಟ್ಟಿನ ಮುಂದೆ ಬಾರ್ ತುದಿ ಹಿಡಿದು ರೇಸ್ ಮಾಡಿ, ಎಣ್ಣೆ ಗೆರೆ ಬೀಳಬೇಕು. ವಾಹನದ ಸುಟ್ಟ ಆಯಿಲ್ ಹಾಕೋದು ಉಳಿತಾಯ ಅಲ್ಲ, ಅದರೊಳಗಿನ ಲೋಹದ ಪುಡಿ ಪಂಪನ್ನೇ ತಿನ್ನುತ್ತೆ. 36 ಇಂಚಿನ ಬಾರ್‌ಗೆ ತುದಿಯಲ್ಲಿ ಬೇರೆ ಎಣ್ಣೆ ಬಾಟಲಿ ಕಟ್ಟಿ, ಹನಿ ಬೀಳುವಂತೆ ಇಡಿ. ದಿನಕ್ಕೊಮ್ಮೆ ಬಾರ್ ಮಗುಚಿ ಹಾಕಿ. ವಾರಕ್ಕೊಮ್ಮೆ ಬಿಚ್ಚಿ, ಚಪ್ಪಟೆ ಗ್ರಾನೈಟ್ ಮೇಲೆ ಅಂಚು ಕೆಳಗಾಗಿ ನಿಲ್ಲಿಸಿ ನೋಡಿ. ಪಕ್ಕಕ್ಕೆ ವಾಲಿದರೆ ಎರಡು ಅಂಚು ಸಮ ಇಲ್ಲ, ಚಪ್ಪಟೆ ಅರದಿಂದ ಎತ್ತರದ ಕಡೆ ತೆಗೆದು ಮತ್ತೆ ನಿಲ್ಲಿಸಿ ನೋಡಿ.