ಹೊಸ ಕಾರಿನಲ್ಲಿ ಕೈಗೆ ಸಿಗದ ಹಳೆಯ ಸೌಲಭ್ಯಗಳು: ನನ್ನ ಅನುಭವ

ಪುತ್ತೂರಿನಿಂದ ಬೆಂಗಳೂರಿಗೆ ಶಿರಾಡಿ ಘಾಟಿಯ ಮೂಲಕ ಆಗಾಗ ಓಡಾಡುವ ನಾನು, ಹತ್ತು ವರ್ಷಕ್ಕೂ ಮಿಕ್ಕಿ ಬಳಸಿದ ಡೀಸೆಲ್ ಮಾರುತಿ ರಿಟ್ಜ್ ಕಾರನ್ನು ಮಾರಿ, ಟರ್ಬೊ ಪೆಟ್ರೋಲ್ ಎಂಜಿನ್ನಿನ ಆಟೊಮ್ಯಾಟಿಕ್ ಎಸ್‌ಯುವಿಯೊಂದನ್ನು ಕೊಂಡೆ. ಆರು ಏರ್‌ಬ್ಯಾಗ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, ಸುತ್ತಲೂ ಕ್ಯಾಮೆರಾ ಇರುವ ಈ ಕಾರು ಸುರಕ್ಷತೆಯಲ್ಲಿ ಹಳೆಯದಕ್ಕಿಂತ ಎಷ್ಟೋ ಮುಂದಿದೆ. ಆ ವಿಷಯದಲ್ಲಿ ನನಗೆ ತಕರಾರಿಲ್ಲ. ಆದರೂ ಹಳೆಯ ಕಾರಿನಲ್ಲಿದ್ದ ಕೆಲವು ಸೌಲಭ್ಯಗಳು ಇದರಲ್ಲಿಲ್ಲ ಎಂಬುದು ಘಾಟಿ ಹತ್ತಿದಾಗಲೆಲ್ಲ ಅರಿವಿಗೆ ಬರುತ್ತಿತ್ತು. ಅವುಗಳಲ್ಲಿ ಕೆಲವು ಬರೀ ಅಭ್ಯಾಸದ ಹಂಬಲ, ಕೆಲವು ನಿಜವಾದ ಕೊರತೆ. ಆ ಎರಡನೆಯವಕ್ಕೆ ನಾನು ಮಾಡಿಕೊಂಡ ಏರ್ಪಾಡುಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಭ್ಯಾಸದ ಹಂಬಲಗಳನ್ನು ಮೊದಲೇ ಮುಗಿಸಿಬಿಡುತ್ತೇನೆ. ತಿರುಗಿಸುವ ಕೀಲಿ, ಸಿಡಿ ಪ್ಲೇಯರ್, ಡ್ಯಾಶ್‌ಬೋರ್ಡಿಗೆ ಹೊಂದಿಕೊಂಡು ಕೈಯಳತೆಯಲ್ಲೇ ಇದ್ದ ಗೇರ್ ಲಿವರ್, ಇವೆಲ್ಲ ಕೆಲವೇ ವಾರಗಳಲ್ಲಿ ಮರೆತುಹೋದವು. ಡೀಸೆಲ್ ಎಂಜಿನ್ನಿನ ನೆನಪು ಮಾತ್ರ ಅಷ್ಟು ಸುಲಭವಾಗಿ ಮರೆಯಾಗಲಿಲ್ಲ. 1.3 ಲೀಟರಿನ ಆ ಎಂಜಿನ್ 190 ನ್ಯೂಟನ್ ಮೀಟರ್ ಟಾರ್ಕ್ (ಚಕ್ರ ತಿರುಗಿಸುವ ಬಲ) ಕೊಡುತ್ತಿತ್ತು. ಎಂಜಿನ್ ನಿಮಿಷಕ್ಕೆ 2,000 ಸುತ್ತು (ಆರ್‌ಪಿಎಂ) ದಾಟುವವರೆಗೆ ಮಂಕಾಗಿದ್ದರೂ ಆಮೇಲೆ ಮೂರನೇ ಗೇರಿನಲ್ಲೇ ಏರು ಹತ್ತುತ್ತಿತ್ತು. ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ 2020ರ ಏಪ್ರಿಲ್ 1ರಂದು ಜಾರಿಗೆ ಬಂದಾಗ ಮಾರುತಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. ಸಣ್ಣ ಕಾರುಗಳಲ್ಲಿ ಡೀಸೆಲ್ ಇಂದು ಬಹುತೇಕ ಸಿಗದಿರುವುದರಿಂದ ಅದಕ್ಕಾಗಿ ಕೊರಗಿ ಪ್ರಯೋಜನವಿಲ್ಲ.

ನಿಜವಾಗಿ ಕೊರತೆಯೆನಿಸಿದ್ದು ಎಸಿಯ ನಾಬ್‌ಗಳು. ಹಳೆಯ ಕಾರಿನಲ್ಲಿ ತಂಪು ಹೆಚ್ಚು ಕಡಿಮೆ ಮಾಡಲು ಒಂದು, ಫ್ಯಾನಿನ ವೇಗಕ್ಕೆ ಒಂದು, ಗಾಳಿ ಎತ್ತ ಬೀಸಬೇಕೆಂಬುದಕ್ಕೆ ಇನ್ನೊಂದು ಎಂದು ಮೂರು ನಾಬ್‌ಗಳಿದ್ದವು. ಕಣ್ಣನ್ನು ರಸ್ತೆಯಿಂದ ತೆಗೆಯದೆ, ಬೆರಳಿಗೆ ತಾಗುವ ಉಬ್ಬಿನಿಂದಲೇ ಯಾವುದು ಎಲ್ಲಿ ನಿಂತಿದೆಯೆಂದು ತಿಳಿಯುತ್ತಿತ್ತು. ಹೊಸ ಕಾರಿನಲ್ಲಿ ಆ ಜಾಗದಲ್ಲಿರುವುದು ನುಣುಪಾದ ಕಪ್ಪು ಟಚ್ ಪಟ್ಟಿ. ಜುಲೈ ತಿಂಗಳ ಮಳೆಯಲ್ಲಿ ಘಾಟಿಯ ಬುಡದ ಗುಂಡ್ಯ ದಾಟಿ ಮೇಲೇರುವಾಗ ಮುಂದಿನ ಗಾಜು ಒಳಗಿನಿಂದ ಮಸುಕಾಗಲು ಅರ್ಧ ನಿಮಿಷ ಸಾಕು. ಆಗ ಗಾಳಿಯನ್ನು ಗಾಜಿನತ್ತ ತಿರುಗಿಸಿ, ಫ್ಯಾನ್ ಹೆಚ್ಚಿಸಿ, ಹೊರಗಿನ ಗಾಳಿಯನ್ನು ಒಳಗೆ ಬಿಡಬೇಕು. ಎದುರಿಗೆ ಟ್ಯಾಂಕರ್ ಲಾರಿಯ ದೀಪ ಮಾತ್ರ ಕಾಣುತ್ತಿರುವಾಗ ಈ ಮೂರು ಕೆಲಸಕ್ಕಾಗಿ ತಲೆ ತಗ್ಗಿಸಿ ಚಿತ್ರಗಳನ್ನು ಹುಡುಕುವುದು ಅಪಾಯಕಾರಿ. ಕೊಡೆ ಮಡಚಿ ಒಳಗೆ ಕೂತಾಗ ಬೆರಳು ಒದ್ದೆಯಾಗಿದ್ದರಂತೂ ಪಟ್ಟಿ ಒಮ್ಮೆ ಒತ್ತಿದ್ದನ್ನು ಎರಡೆಂದು ಎಣಿಸುತ್ತದೆ, ಇಲ್ಲವೇ ಎಣಿಸುವುದೇ ಇಲ್ಲ.

ಇದು ವಯಸ್ಸಾದವರ ಗೊಣಗಾಟ ಎಂದು ಮನೆಯಲ್ಲಿ ಮಗ ನಗುತ್ತಿದ್ದ. ಆದರೆ ಸ್ವೀಡನ್ನಿನ ವಾಹನ ಪತ್ರಿಕೆಯೊಂದು 2022ರಲ್ಲಿ ಇದನ್ನೇ ಅಳೆದು ನೋಡಿದೆ. ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಹೋಗುತ್ತಾ ರೇಡಿಯೊ, ಎಸಿ ಮುಂತಾದವುಗಳ ಕೆಲವು ಹೊಂದಾಣಿಕೆಗಳನ್ನು ಮಾಡಲು, ಗುಂಡಿಗಳಿದ್ದ 2005ರ ವೋಲ್ವೊ ವಿ70 ಕಾರಿನಲ್ಲಿ ಹತ್ತು ಸೆಕೆಂಡು ಸಾಕಾಯಿತು. ಅಷ್ಟರಲ್ಲಿ ಕಾರು ಕ್ರಮಿಸಿದ ದೂರ ಸುಮಾರು 300 ಮೀಟರ್. ಪರದೆಯನ್ನೇ ನೆಚ್ಚಿದ ಹೊಸ ಕಾರುಗಳಲ್ಲಿ ತೀರಾ ಹಿಂದುಳಿದದ್ದು ಅದೇ ಕೆಲಸಕ್ಕೆ ಮುಕ್ಕಾಲು ನಿಮಿಷದ ಹತ್ತಿರ ತೆಗೆದುಕೊಂಡಿತು. ಇಂಡಿಕೇಟರ್, ವೈಪರ್, ಹಾರ್ನ್, ಹಜಾರ್ಡ್ ದೀಪದಂಥ ಮುಖ್ಯ ಕೆಲಸಗಳಿಗೆ ಕೈಗೆ ಸಿಗುವ ಗುಂಡಿಗಳಿರಬೇಕೆಂಬುದನ್ನು ಕಾರುಗಳ ಸುರಕ್ಷತೆ ಪರೀಕ್ಷಿಸಿ ಅಂಕ ಕೊಡುವ ಯುರೋಪಿನ ಸಂಸ್ಥೆ ಯುರೋ ಎನ್‌ಕ್ಯಾಪ್ ಕೂಡ 2026ರಿಂದ ತನ್ನ ಅಂಕ ಕೊಡುವ ಕ್ರಮದೊಳಗೆ ತಂದಿದೆ.

ನಾನು ಮಾಡಿದ ಮೊದಲ ಕೆಲಸ, ಅಂಗಳದಲ್ಲಿ ಕಾರು ನಿಲ್ಲಿಸಿಕೊಂಡು ಸೆಟ್ಟಿಂಗ್ ಪುಟಗಳನ್ನು ಒಂದೊಂದಾಗಿ ಓದಿದ್ದು. ಗಾಜು ಮಸುಕಾದರೆ ಕಾರೇ ಗಾಳಿಯನ್ನು ಅತ್ತ ತಿರುಗಿಸುವ ಆಟೊ ಡಿಫಾಗ್ ಎಂಬ ವ್ಯವಸ್ಥೆ ಅದರಲ್ಲಿತ್ತು. ಕಾರು ಮಾರಿದವರು ಅದನ್ನು ತೋರಿಸಿರಲಿಲ್ಲ. ಅದನ್ನು ಸದಾ ಚಾಲೂ ಇಟ್ಟು, ಎಸಿಯನ್ನು ಆಟೊದಲ್ಲಿ 24 ಡಿಗ್ರಿಗೆ ನಿಲ್ಲಿಸಿದ ಮೇಲೆ ಪಟ್ಟಿಯನ್ನು ಮುಟ್ಟಬೇಕಾದ ಸಂದರ್ಭಗಳು ಬಹಳ ಕಡಿಮೆಯಾದವು. ಮುಟ್ಟಲೇಬೇಕಾದಾಗ ಬೆರಳಿಗೆ ಗುರುತು ಸಿಗಲೆಂದು, ಕಪಾಟಿನ ಬಾಗಿಲು ಬಡಿಯದಂತೆ ಅಂಟಿಸುವ ಪಾರದರ್ಶಕ ಸಿಲಿಕೋನ್ ಬೊಟ್ಟುಗಳನ್ನು ಹಾರ್ಡ್‌ವೇರ್ ಅಂಗಡಿಯಿಂದ ತಂದು, ಮುಂದಿನ ಗಾಜಿನ ಡಿಫಾಗರ್ ಚಿತ್ರದ ಪಕ್ಕದಲ್ಲಿ ಒಂದನ್ನು ಅಂಟಿಸಿದೆ. ಚಿತ್ರದ ಮೇಲೆಯೇ ಅಂಟಿಸಿದರೆ ಸ್ಪರ್ಶ ಸರಿಯಾಗಿ ತಾಗುವುದಿಲ್ಲ. ಪಕ್ಕದಲ್ಲಿದ್ದರೆ ಬೆರಳು ಬೊಟ್ಟನ್ನು ಸವರಿ ಎಡಕ್ಕೆ ಸರಿದರೆ ಸಾಕು. ಧ್ವನಿಯಿಂದ ಆದೇಶ ಕೊಡುವ ಸೌಲಭ್ಯವೂ ಇದೆಯಾದರೂ ಛಾವಣಿಯ ಮೇಲೆ ಘಾಟಿಯ ಮಳೆ ಸುರಿಯುವಾಗ ನನ್ನ ಇಂಗ್ಲಿಷ್ ಅದಕ್ಕೆ ಕೇಳಿಸುವುದಿಲ್ಲ.

ಇಲ್ಲೇ ಇನ್ನೊಂದು ಮಾತು ಹೇಳಿಬಿಡಬೇಕು. ಮಸುಕು ಗಾಜಿನ ಒಳಗಿದೆಯೋ ಹೊರಗಿದೆಯೋ ಎಂಬುದನ್ನು ಮೊದಲು ಬೆರಳಿನಿಂದ ಒರೆಸಿ ನೋಡಬೇಕು. ಎಸಿಯ ತಂಪು ಗಾಳಿ ಗಾಜಿಗೆ ಬಹಳ ಹೊತ್ತು ಬೀಸಿದರೆ ಹೊರಗಿನ ತೇವ ತಣ್ಣಗಾದ ಗಾಜಿನ ಮೇಲೆ ಕೂರುತ್ತದೆ. ಅದಕ್ಕೆ ಮದ್ದು ವೈಪರ್ ಮತ್ತು ಸ್ವಲ್ಪ ಬೆಚ್ಚನೆಯ ಗಾಳಿ. ತಂಪು ಗಾಳಿಯ ಫ್ಯಾನನ್ನು ಹೆಚ್ಚಿಸಿದಷ್ಟೂ ಆ ಮಸುಕು ಹೆಚ್ಚುತ್ತದೆ.

ಹ್ಯಾಂಡ್‌ಬ್ರೇಕ್ ಲಿವರ್ ಎರಡನೆಯದು. ಏರಿನಲ್ಲಿ ಲಾರಿಗಳ ಸಾಲು ನಿಂತಾಗ ಲಿವರ್ ಎಳೆದು, ಕ್ಲಚ್ ಕಚ್ಚಿದ್ದು ಗೊತ್ತಾಗುತ್ತಲೇ ಅದನ್ನು ಇಳಿಸಿ ಮುಂದೆ ಹೋಗುವುದು ನಮ್ಮ ಕಡೆಯ ಚಾಲಕರಿಗೆ ಕರಗತವಾದ ವಿದ್ಯೆ. ಹೊಸ ಕಾರಿನಲ್ಲಿ ಲಿವರ್ ಬದಲಿಗೆ ಬೆರಳಿನಿಂದ ಎಳೆಯುವ ಚಿಕ್ಕ ಸ್ವಿಚ್ ಇದೆ, ಜೊತೆಗೆ ಕಾರು ನಿಂತಾಗ ತಾನೇ ಬ್ರೇಕ್ ಹಿಡಿದಿಡುವ ಆಟೊ ಹೋಲ್ಡ್ ಇದೆ. ಸಾಲಿನಲ್ಲಿ ನಿಂತಾಗ ಆಟೊ ಹೋಲ್ಡ್ ಲಿವರಿಗಿಂತ ಎಷ್ಟೋ ಒಳ್ಳೆಯದೆಂಬುದನ್ನು ಒಪ್ಪುತ್ತೇನೆ. ಆದರೆ ಮನೆಯ ಇಳಿಜಾರಿನ ಅಂಗಳಕ್ಕೆ ಇಂಚಿಂಚೇ ಹಿಂದೆ ಸರಿಯುವಾಗ ಅದು ಪ್ರತಿ ನಿಲುಗಡೆಗೂ ಬ್ರೇಕನ್ನು ಹಿಡಿದು, ಬಿಡುವಾಗ ಜರ್ಕ್ ಕೊಡುತ್ತದೆ. ಆದ್ದರಿಂದ ಗೇಟಿನ ಬಳಿ ಅದನ್ನು ಆರಿಸುವುದನ್ನು ರೂಢಿ ಮಾಡಿಕೊಂಡೆ. ಲಿವರ್ ಇದ್ದಾಗ ಪಕ್ಕದಲ್ಲಿ ಕೂತವರೂ ತುರ್ತಿನಲ್ಲಿ ಅದನ್ನು ಎಳೆಯಬಹುದಿತ್ತು. ಈ ಸ್ವಿಚ್ಚನ್ನು ಕಾರು ಓಡುತ್ತಿರುವಾಗ ಎಳೆದು ಹಿಡಿದೇ ಇದ್ದರೆ ತುರ್ತು ಬ್ರೇಕ್ ಬೀಳುತ್ತದೆಂದು ಮಾಲೀಕರ ಕೈಪಿಡಿಯಲ್ಲಿದೆ. ಹೆಂಡತಿಗೂ ಮಗನಿಗೂ ಆ ಸ್ವಿಚ್ ಎಲ್ಲಿದೆ, ಎಷ್ಟು ಹೊತ್ತು ಹಿಡಿಯಬೇಕೆಂದು ತೋರಿಸಿದ್ದೇನೆ. ಬ್ಯಾಟರಿ ಪೂರ್ತಿ ಇಳಿದರೆ ಈ ಬ್ರೇಕ್ ಬಿಡುವುದಿಲ್ಲವಾದ್ದರಿಂದ ಬೇರೆ ವಾಹನದ ಬ್ಯಾಟರಿಯಿಂದ ವಿದ್ಯುತ್ ಪಡೆಯುವ ಜಂಪ್ ಕೇಬಲ್ ಈಗ ಡಿಕ್ಕಿಯಲ್ಲಿ ಕಾಯಂ.

ಘಾಟಿ ಇಳಿಯುವಾಗ ಕ್ಲಚ್ಚೂ ಕೈಯಿಂದ ಹಾಕುವ ಗೇರೂ ಇಲ್ಲದ್ದು ಬೇರೊಂದು ಕೊರತೆ. ಡ್ರೈವ್‌ನಲ್ಲಿಯೇ ಬಿಟ್ಟರೆ ಗೇರ್‌ಬಾಕ್ಸ್ ಮೇಲಿನ ಗೇರಿಗೆ ಹೋಗಿ ಎಲ್ಲ ಭಾರವೂ ಬ್ರೇಕಿನ ಮೇಲೆ ಬೀಳುತ್ತದೆ. ಘಾಟಿಯ ಮೇಲ್ತುದಿಯ ಮಾರನಹಳ್ಳಿ ದಾಟುತ್ತಲೇ ಗೇರ್ ಲಿವರನ್ನು ಮ್ಯಾನ್ಯುಯಲ್ ಕಡೆಗೆ ಸರಿಸಿ ಎರಡು ಅಥವಾ ಮೂರನೇ ಗೇರಿನಲ್ಲಿ ಹಿಡಿದಿಟ್ಟರೆ ಹಳೆಯ ಕಾರಿನಂತೆಯೇ ಎಂಜಿನ್ ತಡೆಯುತ್ತದೆ. ಎಡಗಾಲನ್ನು ಮಾತ್ರ ಅದಕ್ಕೆಂದೇ ಇರುವ ಮೆಟ್ಟಿನ ಮೇಲೆ ಬಲವಂತವಾಗಿ ಊರಿಕೊಳ್ಳಬೇಕು. ಕ್ಲಚ್ಚೆಂದು ಭಾವಿಸಿ ಅದು ಬ್ರೇಕಿನ ಮೇಲೆ ಹೋದರೆ ಹಿಂದಿನ ವಾಹನದವನ ಗತಿ ದೇವರಿಗೇ ಪ್ರೀತಿ.

ಸ್ಟೆಪ್ನಿಯ ವಿಷಯಕ್ಕೆ ಬಂದರೆ, ಹಳೆಯ ಕಾರಿನಲ್ಲಿ ಐದನೆಯ ಚಕ್ರವೂ ಉಳಿದ ನಾಲ್ಕರ ಅಳತೆಯದೇ ಆಗಿತ್ತು. ಟೈರಿನ ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ ಮತ್ತು ಪಂಕ್ಚರ್ ಕಿಟ್ ಇದ್ದರೆ ಸ್ಟೆಪ್ನಿ ಇಲ್ಲದೆಯೂ ಕಾರು ಮಾರಬಹುದೆಂದು ಕೇಂದ್ರ ಸರ್ಕಾರ 2020ರಲ್ಲಿ ನಿಯಮ ಸಡಿಲಿಸಿತು. ನನ್ನದರಲ್ಲಿ ಸ್ಟೆಪ್ನಿ ಇದೆ, ಆದರೆ ಕಿರಿದಾದುದು. ಗಂಟೆಗೆ 80 ಕಿಲೋಮೀಟರ್ ಮೀರಬಾರದೆಂಬ ಚೀಟಿ ಅದರ ಮೇಲಿದೆ. ಮೊಳೆ ಚುಚ್ಚಿದ ರಂಧ್ರವನ್ನು ಕಿಟ್ ಮುಚ್ಚುತ್ತದೆ. ಮಳೆಗಾಲದಲ್ಲಿ ನೀರು ತುಂಬಿದ ಗುಂಡಿಯ ಅಂಚಿಗೆ ಟೈರಿನ ಪಕ್ಕೆ ಹರಿದರೆ ಯಾವ ಕಿಟ್ಟೂ ಕೆಲಸಕ್ಕೆ ಬಾರದು, ಮತ್ತು ನಮ್ಮ ರಸ್ತೆಗಳಲ್ಲಿ ಹರಿಯುವುದು ಪಕ್ಕೆಯೇ. ಡಿಕ್ಕಿಯ ಅಡಿಯ ಗುಂಡಿಯಲ್ಲಿ ಪೂರ್ಣ ಅಳತೆಯ ಚಕ್ರ ಕೂರುತ್ತದೆಯೇ ಎಂದು ಟೈರ್ ಅಂಗಡಿಯಲ್ಲಿ ಇಟ್ಟೇ ನೋಡಿದೆ. ಮೇಲಿನ ಹಲಗೆ ಎರಡು ಬೆರಳು ಎತ್ತರವಾಗುತ್ತದೆ, ಅಷ್ಟೇ. ಅಲಾಯ್ ದುಬಾರಿಯಾದ್ದರಿಂದ ಸ್ಟೀಲ್ ರಿಮ್ಮಿಗೆ ಅದೇ ಅಳತೆಯ ಟೈರು ಹಾಕಿಸಿಕೊಂಡೆ. ಸ್ಟೀಲ್ ರಿಮ್ಮಿಗೆ ಬೇರೆ ನಟ್‌ಗಳು ಬೇಕಾಗಬಹುದು, ಅದನ್ನು ಅಂಗಡಿಯಲ್ಲೇ ಕೇಳಿ ಖಚಿತಪಡಿಸಿಕೊಳ್ಳಬೇಕು. ಕಿರಿದಾದ ಸ್ಟೆಪ್ನಿಯಲ್ಲೇ ಮುಂದುವರಿಯುವವರು, ಮುಂದಿನ ಚಕ್ರ ಪಂಕ್ಚರಾದರೆ ಹಿಂದಿನ ಒಳ್ಳೆಯ ಚಕ್ರವನ್ನು ಮುಂದಕ್ಕೆ ತಂದು, ಸ್ಟೆಪ್ನಿಯನ್ನು ಹಿಂದೆ ಹಾಕಿಕೊಳ್ಳುವುದು ಕ್ಷೇಮ. ಎಂಜಿನ್ನಿನ ಎಳೆತ ಮುಂದಿನ ಚಕ್ರಗಳಿಗಿರುವ ಕಾರುಗಳಲ್ಲಿ ಅಳತೆಯ ವ್ಯತ್ಯಾಸದಿಂದ, ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ದಣಿಯುತ್ತದೆ.

ಹಳೆಯ ಕಾರಿನ ಮೌನವನ್ನೂ ಈ ಪಟ್ಟಿಗೆ ಸೇರಿಸಬಹುದು. ವೇಗ ಗಂಟೆಗೆ 80 ಕಿಲೋಮೀಟರ್ ದಾಟಿದಾಗ ಬರುವ ಬೀಪ್ 2019ರ ಜುಲೈನಿಂದ ಕಡ್ಡಾಯ, ಅದನ್ನು ಸಹಿಸಲೇಬೇಕು. ರಸ್ತೆಯ ಗೆರೆ ನೋಡಿ ಕಾರನ್ನು ಪಥದೊಳಗೆ ಉಳಿಸುವ ಲೇನ್ ಕೀಪ್ ಅಸಿಸ್ಟ್ ಮಾತ್ರ ನಮ್ಮ ಆಯ್ಕೆಗೆ ಬಿಟ್ಟದ್ದು. ಕಾಮಗಾರಿ ನಡೆದ ಕಡೆ ಹೆದ್ದಾರಿಯಲ್ಲಿ ಅಳಿಸದ ಹಳೆಯ ಬಿಳಿಗೆರೆಯೂ ಹೊಸ ಗೆರೆಯೂ ಅಕ್ಕಪಕ್ಕದಲ್ಲೇ ಇರುತ್ತವೆ. ಕಾರು ಹಳೆಯದನ್ನು ನಂಬಿ ಸ್ಟಿಯರಿಂಗನ್ನು ಜಗ್ಗುತ್ತದೆ. ಸ್ಟಿಯರಿಂಗ್ ಮೇಲಿನ ಗುಂಡಿಯನ್ನು ಒತ್ತಿ ಹಿಡಿದರೆ ಅದು ಆರುತ್ತದೆ. ಹಾಸನದಿಂದಾಚೆ ನಾಲ್ಕು ಪಥದಲ್ಲಿ ಮತ್ತೆ ಹಾಕಿಕೊಳ್ಳುತ್ತೇನೆ. ಮುಂದಿನ ವಾಹನಕ್ಕೆ ಗುದ್ದದಂತೆ ಎಚ್ಚರಿಸುವ ವ್ಯವಸ್ಥೆಯನ್ನು ಎಂದೂ ಆರಿಸಿಲ್ಲ.

ಇಷ್ಟಾದರೂ ಪರಿಹಾರ ಸಿಗದ ಕೊರತೆಯೊಂದು ಉಳಿದಿದೆ. ರಿಟ್ಜ್‌ನ ಎತ್ತರದ ಸೀಟಿನಲ್ಲಿ ಕೂತರೆ ತಿರುವಿನ ಆಚೆ ಬರುವುದು ಬೇಗ ಕಾಣುತ್ತಿತ್ತು. ಹೊಸ ಕಾರುಗಳಲ್ಲಿ, ಮಗುಚಿದರೂ ಛಾವಣಿ ಕುಸಿಯದಿರಲೆಂದು ಗಾಜಿನ ಪಕ್ಕದ ಕಂಬಗಳನ್ನು ದಪ್ಪವಾಗಿ ಮಾಡಿರುತ್ತಾರೆ, ಪಕ್ಕದ ಕಿಟಕಿಗಳ ಮೇಲೆ ಪರದೆಯಂತೆ ಬಿಚ್ಚಿಕೊಳ್ಳುವ ಕರ್ಟನ್ ಏರ್‌ಬ್ಯಾಗಿನ ಮುಂತುದಿಯೂ ಅಲ್ಲಿಗೇ ಬರುತ್ತದೆ. ಬಲ ತಿರುವಿನಲ್ಲಿ ಒಂದು ಬೈಕು ಪೂರ್ತಿಯಾಗಿ ಆ ಕಂಬದ ಹಿಂದೆ ಮರೆಯಾಗಬಲ್ಲದು. ಸೀಟನ್ನು ಕೊನೆಯ ಮಟ್ಟಕ್ಕೆ ಎತ್ತರಿಸಿ, ಒಂದು ಹೆಜ್ಜೆ ಹಿಂದಕ್ಕೆ ಸರಿಸಿದ್ದರಿಂದ ಮರೆ ಸ್ವಲ್ಪ ಕಿರಿದಾಯಿತು. ಉಳಿದದ್ದಕ್ಕೆ ತಿರುವಿಗೆ ಮುನ್ನ ತಲೆಯನ್ನು ಮುಂದಕ್ಕೂ ಹಿಂದಕ್ಕೂ ಬಾಗಿಸಿ ಕಂಬದ ಎರಡೂ ಬದಿ ನೋಡಿಕೊಂಡು, ಹಾರ್ನ್ ಮಾಡಿಯೇ ತಿರುಗುತ್ತೇನೆ.