10 ಗಿಗಾಬಿಟ್ ನೆಟ್‌ವರ್ಕ್ ಕಾರ್ಡು: ಮೊದಲು ಸ್ಲಾಟು ನೋಡಿ, ಆಮೇಲೆ ಕಾರ್ಡು

ಡೆಸ್ಕ್‌ಟಾಪಿಗೆ 10 ಗಿಗಾಬಿಟ್ ಕಾರ್ಡು ಆರಿಸುವಾಗ ಕಾರ್ಡುಗಳ ಪಟ್ಟಿಯನ್ನು ನಾನು ತೆರೆಯುವುದು ಕೊನೆಗೆ. ಮೊದಲು ಮದರ್‌ಬೋರ್ಡಿನಲ್ಲಿ ಖಾಲಿ ಉಳಿದಿರುವ ಸ್ಲಾಟು, ಆಮೇಲೆ ಕೇಬಲ್ಲು, ಆಮೇಲೆ ಕೇಬಲ್ಲಿನ ಆಚೆ ತುದಿಯಲ್ಲಿರುವ ಯಂತ್ರ. ಇಷ್ಟು ಗೊತ್ತಾದರೆ ಕೊಳ್ಳಲು ಯೋಗ್ಯವಾದ ಕಾರ್ಡುಗಳು ಎರಡೋ ಮೂರೋ ಉಳಿಯುತ್ತವೆ. ಇಲ್ಲಿ ಉದಾಹರಣೆಗೆ ಇಟ್ಟುಕೊಂಡಿರುವುದು ವಿಡಿಯೊ ಎಡಿಟಿಂಗಿಗೆ ಬಳಸುವ, ಎಎಂಡಿ ಬಿ550 ಚಿಪ್‌ಸೆಟ್ಟಿನ (ಸ್ಲಾಟು, ಪೋರ್ಟುಗಳನ್ನು ನೋಡಿಕೊಳ್ಳುವ ಬೋರ್ಡಿನ ಚಿಪ್ಪು) ಡೆಸ್ಕ್‌ಟಾಪು ಮತ್ತು ಅದೇ ಮನೆಯಲ್ಲಿರುವ ಫೈಲ್ ಸರ್ವರ್.

ಇಂಟರ್ನೆಟ್ ವೇಗ ಹೆಚ್ಚಲಿ ಎಂದು ಈ ಕಾರ್ಡು ಹಾಕುವವರಿಗೆ ಉಪಯೋಗವಿಲ್ಲ. ಮನೆಯ ಫೈಬರ್ ಪ್ಲಾನು 300 ಮೆಗಾಬಿಟ್ ಇದ್ದರೆ ಬೋರ್ಡಿನಲ್ಲಿರುವ 1 ಗಿಗಾಬಿಟ್ ಪೋರ್ಟೇ ಅದಕ್ಕೆ ಧಾರಾಳ. ಲಾಭ ಇರುವುದು ಮನೆಯೊಳಗಿನ ಯಂತ್ರಗಳ ನಡುವೆ ದೊಡ್ಡ ಫೈಲು ಓಡಾಡುವಾಗ. 1 ಗಿಗಾಬಿಟ್ಟಿನಲ್ಲಿ ಫೈಲ್ ಕಾಪಿ ಸೆಕೆಂಡಿಗೆ ಸುಮಾರು 112 ಎಂಬಿ, 2.5 ಗಿಗಾಬಿಟ್ಟಿನಲ್ಲಿ 280 ಎಂಬಿ, 10 ಗಿಗಾಬಿಟ್ಟಿನಲ್ಲಿ 1,100 ಎಂಬಿ ಆಸುಪಾಸು. 100 ಜಿಬಿ ಫೂಟೇಜ್ ಕಾಪಿಯಾಗಲು ಕ್ರಮವಾಗಿ ಕಾಲು ಗಂಟೆ, ಆರು ನಿಮಿಷ, ಒಂದೂವರೆ ನಿಮಿಷ. ಆದರೆ ಸರ್ವರಿನಲ್ಲಿ ಇರುವುದು ಒಂದೇ ಹಾರ್ಡ್ ಡಿಸ್ಕ್ ಎಂದಾದರೆ ಅದು ಕೊಡುವುದೇ 150ರಿಂದ 250 ಎಂಬಿ. ಅಲ್ಲಿಗೆ 2.5 ಗಿಗಾಬಿಟ್ ಕಾರ್ಡು ಸಾಕು. ರಿಯಲ್‌ಟೆಕ್ ಆರ್‌ಟಿಎಲ್8125 ಚಿಪ್ಪಿನ ಕಾರ್ಡು ಅತಿ ಚಿಕ್ಕ ಎಕ್ಸ್1 ಸ್ಲಾಟಿನಲ್ಲಿ ಕೂರುತ್ತದೆ, ಈಗಿರುವ ಕ್ಯಾಟ್5ಇ ಕೇಬಲ್ಲನ್ನೂ ಬದಲಿಸಬೇಕಿಲ್ಲ. ಒಂದು ಸಾಟಾ ಎಸ್‌ಎಸ್‌ಡಿ ಕೊಡುವುದು 550 ಎಂಬಿ. ಆದ್ದರಿಂದ 10 ಗಿಗಾಬಿಟ್ ಕೇಳುವುದು ಎರಡೂ ಕಡೆ ಅದಕ್ಕಿಂತ ವೇಗದ ಎನ್‌ವಿಎಂಇ ಎಸ್‌ಎಸ್‌ಡಿ ಇರುವವರು, ಇಲ್ಲವೇ ಆರೆಂಟು ಡಿಸ್ಕುಗಳನ್ನು ಒಂದಾಗಿ ಜೋಡಿಸಿದ ರೇಡ್ ಇಟ್ಟುಕೊಂಡವರು.

ಈಗ ಸ್ಲಾಟು. ದುಡ್ಡು ದಂಡವಾಗುವುದು ಹೆಚ್ಚಾಗಿ ಇಲ್ಲೇ. 10 ಗಿಗಾಬಿಟ್ ಅಂದರೆ ಒಂದು ದಿಕ್ಕಿಗೆ ಸೆಕೆಂಡಿಗೆ 1.25 ಜಿಬಿ. ಈ ಸ್ಲಾಟುಗಳ ಮಾನಕ ಪಿಸಿಐ ಎಕ್ಸ್‌ಪ್ರೆಸ್; 2.0, 3.0 ಅದರ ಪೀಳಿಗೆಗಳು, ಲೇನು ಅಂದರೆ ಡೇಟಾ ಓಡುವ ಒಂದು ದಾರಿ, ಎಕ್ಸ್4 ಅಂದರೆ ನಾಲ್ಕು ಲೇನು. 2.0ರ ಒಂದು ಲೇನು 500 ಎಂಬಿ ಒಯ್ಯುತ್ತದೆ, 3.0ರ ಲೇನು 985 ಎಂಬಿ, 4.0ರ ಲೇನು ಅದರ ಎರಡರಷ್ಟು. ಅಂದರೆ 3.0 ಎಕ್ಸ್1 ಸ್ಲಾಟಿನಲ್ಲಿ 10 ಗಿಗಾಬಿಟ್ ಪೂರ್ತಿ ಸಿಗುವುದೇ ಇಲ್ಲ. 2.0 ಎಕ್ಸ್4 ಸ್ಲಾಟಿನಲ್ಲಿ ಒಂದು ಪೋರ್ಟಿಗೆ ಆರಾಮಾಗಿ ಸಿಗುತ್ತದೆ.

ಬೋರ್ಡಿನ ಮೇಲೆ ಕಾಣುವ ಸ್ಲಾಟಿನ ಉದ್ದವನ್ನು ನಂಬಬಾರದು. ಬಿ550 ಬೋರ್ಡುಗಳಲ್ಲಿ ಕೆಳಗಿರುವ ಎರಡನೇ ಉದ್ದನೆಯ ಸ್ಲಾಟಿಗೆ ಸಾಮಾನ್ಯವಾಗಿ ಚಿಪ್‌ಸೆಟ್ಟಿನಿಂದ ಬರುವುದು 3.0ರ ನಾಲ್ಕೇ ಲೇನು. ಕೆಲವು ಅಗ್ಗದ ಬೋರ್ಡುಗಳಲ್ಲಿ ಎಕ್ಸ್16 ಉದ್ದದ ಸ್ಲಾಟಿಗೆ ಎಳೆದಿರುವುದು ಒಂದೇ ಲೇನು. ಟಾರ್ಚು ಹಿಡಿದು ಸ್ಲಾಟಿನ ಒಳಗೆ ಇಣುಕಿದರೆ ಇದು ಕಣ್ಣಿಗೇ ಕಾಣುತ್ತದೆ: ಎಷ್ಟು ಲೇನು ಇದೆಯೋ ಅಲ್ಲಿಯವರೆಗೆ ಮಾತ್ರ ಹೊಳೆಯುವ ಪಿನ್ನುಗಳ ಸಾಲು, ಮುಂದೆ ಬರೀ ಖಾಲಿ ಪ್ಲಾಸ್ಟಿಕ್ಕು. ಆದರೆ ಪಿನ್ನುಗಳಿದ್ದ ಮಾತ್ರಕ್ಕೆ ಲೇನುಗಳು ಸಿಕ್ಕೇ ಸಿಗುತ್ತವೆ ಎಂದೂ ಅಲ್ಲ. ಮ್ಯಾನುಯಲ್ಲಿನಲ್ಲಿ ಚಿಕ್ಕ ಅಕ್ಷರದ ಟಿಪ್ಪಣಿ ಒಂದಿರುತ್ತದೆ: ಎರಡನೇ ಎಂ.2 ಜಾಗದಲ್ಲಿ ಎಸ್‌ಎಸ್‌ಡಿ ಹಾಕಿದರೆ ಈ ಸ್ಲಾಟು ಬಂದ್, ಅಥವಾ ಎಕ್ಸ್1 ಸ್ಲಾಟು ತುಂಬಿದರೆ ಇದು ಎಕ್ಸ್2ಕ್ಕೆ ಇಳಿಯುತ್ತದೆ. ಆ ಟಿಪ್ಪಣಿ ಓದದೆ ಕಾರ್ಡಿಗೆ ದುಡ್ಡು ಕೊಡುವುದಿಲ್ಲ. ಹಳೆಯ ಬಿ450 ಬೋರ್ಡಾದರೆ ಚಿಪ್‌ಸೆಟ್ಟಿನ ಲೇನುಗಳು 2.0 ಮಾತ್ರ. ಎಕ್ಸ್4 ಇದ್ದರೆ ಅದೂ ನಡೆಯುತ್ತದೆ, ಎಕ್ಸ್1 ಆದರೆ ನಾಲ್ಕು ಗಿಗಾಬಿಟ್ಟಿನ ಕೆಳಗೇ ನಿಂತುಬಿಡುತ್ತದೆ. ಗ್ರಾಫಿಕ್ಸ್ ಕಾರ್ಡು ಇಲ್ಲದ, ಪ್ರೊಸೆಸರಿನಲ್ಲೇ ಡಿಸ್‌ಪ್ಲೇ ಇರುವ ಯಂತ್ರವಾದರೆ ಯೋಚನೆಯೇ ಬೇಡ, ಮೇಲಿನ ಎಕ್ಸ್16 ಸ್ಲಾಟಿಗೇ ಹಾಕಿ.

ಕಾರ್ಡಿನ ಪೀಳಿಗೆಯನ್ನೂ ಸ್ಲಾಟಿನ ಜೊತೆ ಹೊಂದಿಸಿ ನೋಡಬೇಕು. ಇಂಟೆಲ್ ಎಕ್ಸ್520 ಹಳೆಯ 2.0 ಎಕ್ಸ್8 ಕಾರ್ಡು. ಅದನ್ನು ಬಿ550ರ 3.0 ಎಕ್ಸ್4 ಸ್ಲಾಟಿಗೆ ಹಾಕಿದರೆ ಓಡುವುದು 2.0 ಎಕ್ಸ್4 ಆಗಿ: ಒಟ್ಟು 2 ಜಿಬಿ. ಒಂದು ಪೋರ್ಟಿಗೆ ಸಾಕು, ಎರಡೂ ಪೋರ್ಟು ಒಟ್ಟಿಗೆ ತುಂಬಿ ಓಡುವುದಿಲ್ಲ. ಎಕ್ಸ್8 ಕಾರ್ಡು ಕೂರಲು ಉದ್ದದ ಸ್ಲಾಟೇ ಬೇಕು, ಇಲ್ಲವೇ ಹಿಂಬದಿ ತೆರೆದಿರುವ ಎಕ್ಸ್4 ಸ್ಲಾಟು. ಮುಚ್ಚಿದ ಸ್ಲಾಟಿನ ಪ್ಲಾಸ್ಟಿಕ್ಕನ್ನು ಬ್ಲೇಡಿನಲ್ಲಿ ಕೊಯ್ಯುವವರಿದ್ದಾರೆ. ನಾನಂತೂ ಯಾರಿಗೂ ಹೇಳುವುದಿಲ್ಲ, ಪಿನ್ನಿಗೆ ಬ್ಲೇಡು ತಾಗಿದರೆ ಬೋರ್ಡೇ ಹೋಯಿತು.

ಎರಡನೆಯದು, ತಾಮ್ರವೋ ಎಸ್‌ಎಫ್‌ಪಿ ಪ್ಲಸ್ಸೋ. ತಾಮ್ರ ಅಂದರೆ ಎಲ್ಲರಿಗೂ ಗೊತ್ತಿರುವ ಆರ್‌ಜೆ45 ಜ್ಯಾಕು, ಮಾನಕದ ಹೆಸರು 10ಜಿಬೇಸ್-ಟಿ. ಕ್ಯಾಟ್6ರಲ್ಲಿ 55 ಮೀಟರಿನವರೆಗೆ, ಕ್ಯಾಟ್6ಎಯಲ್ಲಿ 100 ಮೀಟರಿನವರೆಗೆ ಹೋಗುತ್ತದೆ. ಗೋಡೆಯೊಳಗೆ ಒಳ್ಳೆಯ ಕ್ಯಾಟ್6 ಈಗಾಗಲೇ ಇದ್ದರೆ, ಅಥವಾ ಆಚೆ ಕಡೆ 2.5 ಗಿಗಾಬಿಟ್ ಪೋರ್ಟು ಇದ್ದರೆ ತಾಮ್ರವೇ ಸರಿ. ಆದರೆ ನಮ್ಮಲ್ಲಿ ಕ್ಯಾಟ್6 ಎಂದು ಮಾರುವ ಕೇಬಲ್ಲುಗಳಲ್ಲಿ ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿ ಬೇಕಾದಷ್ಟು ಬರುತ್ತದೆ. ತಂತಿಯ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಅದು ಅಲ್ಯೂಮಿನಿಯಂ. 1 ಗಿಗಾಬಿಟ್ಟಿನಲ್ಲಿ ಏನೂ ತಕರಾರಿಲ್ಲದೆ ನಡೆದ ಆ ಕೇಬಲ್ಲು 10ರಲ್ಲಿ ಲಿಂಕು ಹಿಡಿಯುವುದು ಬಿಡುವುದು ಮಾಡುತ್ತದೆ, ಕಾರ್ಡಿನ ಮೇಲೆ ತಪ್ಪು ಹೊರಿಸುತ್ತೇವೆ.

ಎಸ್‌ಎಫ್‌ಪಿ ಪ್ಲಸ್ ಅಂದರೆ ಮಾಡ್ಯೂಲು ತೂರಿಸುವ ಚೌಕಾಕಾರದ ಗೂಡು. ಎರಡೂ ಯಂತ್ರ ಒಂದೇ ಕೋಣೆಯಲ್ಲಿದ್ದರೆ ಡಿಎಸಿ ಕೇಬಲ್ಲು ಹಾಕಿ ಮುಗಿಸಿ. ಎರಡೂ ತುದಿಗೆ ಮಾಡ್ಯೂಲು ಅಂಟಿಸಿಯೇ ಬರುವ ಈ ದಪ್ಪ ಕೇಬಲ್ಲು 1, 3, 5 ಮೀಟರಿನಲ್ಲಿ ಸಿಗುತ್ತದೆ, ಬಿಸಿಯಾಗುವುದಿಲ್ಲ, ವಿದ್ಯುತ್ ನುಂಗುವುದಿಲ್ಲ. ಕೋಣೆ ಬೇರೆಯಾದರೆ ಎರಡು ಎಸ್‌ಆರ್ (ಕಡಿಮೆ ದೂರದ ಫೈಬರ್) ಮಾಡ್ಯೂಲು, ನಡುವೆ ಓಎಂ3 ಫೈಬರ್, ತುದಿಗೆ ಎಲ್‌ಸಿ ಡ್ಯೂಪ್ಲೆಕ್ಸ್ ಕನೆಕ್ಟರ್. 300 ಮೀಟರಿನವರೆಗೆ ಚಿಂತೆಯಿಲ್ಲ. ಮನೆಯಿಂದ ಔಟ್‌ಹೌಸಿಗೋ ಮಹಡಿಯ ಆಫೀಸಿಗೋ ಲೈನು ಎಳೆಯುವಾಗ ನಾನು ಫೈಬರಿನ ಕಡೆಗೇ ವಾಲುತ್ತೇನೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಉದ್ದನೆಯ ತಾಮ್ರದ ಕೇಬಲ್ಲಿನ ಮೂಲಕ ಸರ್ಜ್ ಬಂದು ಎರಡೂ ಕಡೆಯ ಪೋರ್ಟು ಸುಡುವುದು ನಮ್ಮ ಕಡೆ ಹೊಸದಲ್ಲ. ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲವಲ್ಲ.

ಎಸ್‌ಎಫ್‌ಪಿ ಪ್ಲಸ್ ಕಾರ್ಡಿಗೆ ಆರ್‌ಜೆ45 ಮಾಡ್ಯೂಲು ಹಾಕಿ ಎರಡೂ ಅನುಕೂಲ ಪಡೆಯುವ ಆಸೆ ಬೇಡ. ಆ ಪುಟ್ಟ ಮಾಡ್ಯೂಲು ಎರಡು ಮೂರು ವ್ಯಾಟು ಎಳೆದು ಕೈಗೆ ಸುಡುವಷ್ಟು ಕಾಯುತ್ತದೆ, ದೂರವೂ ಸಾಮಾನ್ಯವಾಗಿ 30 ಮೀಟರಿಗೇ ಮುಗಿಯುತ್ತದೆ. ಅಲ್ಲದೆ ಮಾಡ್ಯೂಲಿನ ಆಚೆ ಬದಿ 2.5ರಲ್ಲಿ ಲಿಂಕಾದರೂ ಕಾರ್ಡಿಗೆ ಅದು 10 ಎಂದೇ ಕಾಣುತ್ತದೆ. ಆಗ ಕಾರ್ಡು ಜೋರಾಗಿ ಸುರಿಯುತ್ತದೆ, ಮಾಡ್ಯೂಲಿನೊಳಗೆ ಪ್ಯಾಕೆಟ್ಟುಗಳು ಬಿದ್ದುಹೋಗುತ್ತವೆ.

ಇನ್ನು ಚಿಪ್ಪು. ಹೊಸದಾಗಿ ತಾಮ್ರದ ಕಾರ್ಡು ಕೊಳ್ಳುವುದಾದರೆ ಅಕ್ವಾಂಟಿಯಾ ಎಕ್ಯೂಸಿ107 ಅಥವಾ ಎಕ್ಯೂಸಿ113 ನೋಡುತ್ತೇನೆ. ಈ ಕಂಪನಿಯನ್ನು ಮಾರ್ವೆಲ್ 2019ರಲ್ಲಿ ಕೊಂಡಿತು, ಹಾಗಾಗಿ ಡ್ರೈವರು ಹುಡುಕಬೇಕಾದದ್ದು ಮಾರ್ವೆಲ್ ಹೆಸರಿನಲ್ಲಿ. ಎರಡೂ ಚಿಪ್ಪು 1, 2.5, 5, 10 ನಾಲ್ಕನ್ನೂ ಹಿಡಿಯುತ್ತವೆ. 113 ಪಿಸಿಐ ಎಕ್ಸ್‌ಪ್ರೆಸ್ 4.0ರ ಒಂದೇ ಲೇನಿನಲ್ಲೂ ಪೂರ್ತಿ ವೇಗ ಕೊಡಬಲ್ಲದು. ಬಳಸಿದ ಸರ್ವರ್ ಕಾರ್ಡಾದರೆ ತಾಮ್ರಕ್ಕೆ ಇಂಟೆಲ್ ಎಕ್ಸ್550, ಎಸ್‌ಎಫ್‌ಪಿ ಪ್ಲಸ್ಸಿಗೆ ಮೆಲನಾಕ್ಸ್ ಕನೆಕ್ಟ್‌ಎಕ್ಸ್-3 ಅಥವಾ ಕನೆಕ್ಟ್‌ಎಕ್ಸ್-4 ಎಲ್‌ಎಕ್ಸ್. ಎಕ್ಸ್540 ಅಗ್ಗಕ್ಕೆ ಸಿಗುತ್ತದೆ ಎಂದು ಕೈ ಹಾಕಬೇಡಿ. ಅದಕ್ಕೆ 2.5 ಮತ್ತು 5 ಗಿಗಾಬಿಟ್ ಗೊತ್ತೇ ಇಲ್ಲ, 2.5ರ ಸ್ವಿಚ್ಚಿಗೆ ಹಾಕಿದರೆ 1ಕ್ಕೆ ಇಳಿಯುತ್ತದೆ, ಹತ್ತು ವ್ಯಾಟಿಗೂ ಮೀರಿ ಬಿಸಿ ಕಕ್ಕುತ್ತದೆ. ಎಕ್ಸ್550 ಈ ಎರಡು ವೇಗಗಳನ್ನು ಬಲ್ಲದು, ಆದರೆ ಲಿನಕ್ಸಿನ ಡ್ರೈವರು ಅವನ್ನು ತಾನಾಗಿ ಸಾರುವುದಿಲ್ಲ, ನೆಟ್‌ವರ್ಕ್ ಕಾರ್ಡು ಹೊಂದಿಸುವ ಈಥ್‌ಟೂಲ್ ಆಜ್ಞೆಯಲ್ಲಿ ಅಡ್ವರ್ಟೈಸ್ ಮಾಡಿಸಬೇಕು.

ಲಿನಕ್ಸಿನಲ್ಲಿ ಇವುಗಳಿಗೆಲ್ಲ ಡ್ರೈವರು ಕರ್ನಲ್ಲಿನೊಳಗೇ ಇದೆ. ವಿಂಡೋಸ್ 11 ಆದರೆ ಹತ್ತು ವರ್ಷ ದಾಟಿದ ಕಾರ್ಡಿಗೆ ದುಡ್ಡು ಕೊಡುವ ಮೊದಲು ತಯಾರಕರ ಡ್ರೈವರ್ ಪುಟದಲ್ಲಿ ಆ ಮಾಡೆಲ್ಲಿನ ಮುಂದೆ ವಿಂಡೋಸ್ 11 ಎಂದು ಬರೆದಿದೆಯೇ ನೋಡಿ.

ಬಳಸಿದ ಕಾರ್ಡಿನ ವಿಚಾರ ಸ್ವಲ್ಪ ವಿವರವಾಗಿಯೇ ಹೇಳಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಆನ್‌ಲೈನಿನಲ್ಲಾಗಲಿ ಸಿಗುವ ಇವು ಸರ್ವರಿನಿಂದ ಕಿತ್ತು ತಂದವು, ಹಲವಕ್ಕೆ ಇರುವುದು ಗಿಡ್ಡ ಬ್ರ್ಯಾಕೆಟ್ಟು. ಟವರ್ ಕ್ಯಾಬಿನೆಟ್ಟಿಗೆ ಬೇಕಾದದ್ದು 120 ಮಿಲಿಮೀಟರ್ ಎತ್ತರದ್ದು. ಅದೂ ಜೊತೆಗಿದೆಯೇ ಎಂದು ಮೊದಲೇ ಕೇಳಿ. ಬ್ರ್ಯಾಕೆಟ್ಟಿಲ್ಲದೆ ಕಾರ್ಡು ತೂಗಾಡಿದರೆ ದಪ್ಪ ಡಿಎಸಿ ಕೇಬಲ್ಲಿನ ಭಾರಕ್ಕೆ ಸ್ಲಾಟಿನಿಂದ ವಾಲುತ್ತದೆ. ಮೆಲನಾಕ್ಸಿನ ವಿಪಿಐ ಮಾದರಿಗಳು ಇನ್ಫಿನಿಬ್ಯಾಂಡ್ (ದೊಡ್ಡ ಸರ್ವರುಗಳ ನಡುವೆ ಬಳಸುವ ಬೇರೆ ಬಗೆಯ ನೆಟ್‌ವರ್ಕ್) ಮತ್ತು ಈಥರ್ನೆಟ್ ಎರಡೂ ಆಗಬಲ್ಲವು. ಮುಂಚಿನ ಮಾಲೀಕರು ಇನ್ಫಿನಿಬ್ಯಾಂಡಿನಲ್ಲೇ ಬಿಟ್ಟಿದ್ದರೆ ಲಿಂಕೇ ಬರುವುದಿಲ್ಲ, ಕಾರ್ಡು ಸತ್ತಿದೆ ಎಂದು ವಾಪಸು ಕಳಿಸುತ್ತಾರೆ. ಮೆಲನಾಕ್ಸಿನ ಫರ್ಮ್‌ವೇರ್ ಟೂಲಿನಲ್ಲಿ ಪೋರ್ಟಿನ ಲಿಂಕ್ ಟೈಪ್ 2 ಎಂದು ಮಾಡಿ, ಯಂತ್ರವನ್ನು ಪೂರ್ತಿ ಆಫ್ ಮಾಡಿ ಆನ್ ಮಾಡಿದರೆ ಈಥರ್ನೆಟ್ ಆಗುತ್ತದೆ. ಇಂಟೆಲ್ ಎಕ್ಸ್520 ಬೇರೆ ಕಂಪನಿಯ ಫೈಬರ್ ಮಾಡ್ಯೂಲನ್ನು ಒಪ್ಪುವುದಿಲ್ಲ. ಲಿನಕ್ಸಿನಲ್ಲಿ ಡ್ರೈವರಿಗೆ ಅನ್‌ಸಪೋರ್ಟೆಡ್ ಎಸ್‌ಎಫ್‌ಪಿ ಆಯ್ಕೆ ಕೊಟ್ಟು ದಾಟಬಹುದು. ಇನ್ನು ಹೊಸದು ಎಂದು ಅತಿ ಕಡಿಮೆ ಬೆಲೆಗೆ ಬರುವ ಇಂಟೆಲ್ ಕಾರ್ಡುಗಳಲ್ಲಿ ನಕಲಿ ಬಹಳ. ದೊಡ್ಡ ಕಂಪನಿಯ ಸರ್ವರಿನಿಂದ ತೆಗೆದ, ಆ ಕಂಪನಿಯ ಪಾರ್ಟ್ ನಂಬರಿನ ಸ್ಟಿಕ್ಕರು ಇರುವ ಹಳೇ ಕಾರ್ಡೇ ಅದಕ್ಕಿಂತ ವಾಸಿ.

ಸರ್ವರ್ ಕಾರ್ಡಿನ ಹೀಟ್‌ಸಿಂಕನ್ನು ಸರ್ವರಿನ ಜೋರು ಗಾಳಿಗೆ ಲೆಕ್ಕ ಹಾಕಿ ಮಾಡಿರುತ್ತಾರೆ. ಡೆಸ್ಕ್‌ಟಾಪಿನಲ್ಲಿ ಅದು ಗ್ರಾಫಿಕ್ಸ್ ಕಾರ್ಡಿನ ಕೆಳಗೆ, ಗಾಳಿಯಾಡದ ಮೂಲೆಯಲ್ಲಿ ಕೂರುತ್ತದೆ. ಲಕ್ಷಣ ಯಾವಾಗಲೂ ಒಂದೇ: ಮೊದಲ ಹತ್ತು ನಿಮಿಷ ಕಾಪಿ ಚೆನ್ನಾಗಿ ನಡೆದು ಆಮೇಲೆ ಲಿಂಕು ಬಿದ್ದು ಏಳುತ್ತದೆ. ಹೀಟ್‌ಸಿಂಕಿನ ಮೇಲೆ 40 ಮಿಲಿಮೀಟರಿನ ಚಿಕ್ಕ ಫ್ಯಾನು ಕೂರಿಸಿ ಬೋರ್ಡಿನ ಫ್ಯಾನ್ ಹೆಡರಿಗೆ ಕೊಟ್ಟರೆ ಆಯಿತು. ಫಿನ್ನುಗಳ ನಡುವೆ ಸ್ಕ್ರೂ ತಿರುಗಿಸಿದರೆ ಹಿಡಿದುಕೊಳ್ಳುತ್ತದೆ, ಇಲ್ಲದಿದ್ದರೆ ಜಿಪ್ ಟೈ. ಹಳೇ ಕಾರ್ಡಾದರೆ ಹೀಟ್‌ಸಿಂಕ್ ಬಿಚ್ಚಿ ಒಣಗಿದ ಥರ್ಮಲ್ ಪೇಸ್ಟನ್ನೂ ಆಗಲೇ ಬದಲಿಸಿಬಿಡುವುದು ಒಳ್ಳೆಯದು.

ಹಾಕಿದ ಮೇಲೆ ಫೈಲ್ ಕಾಪಿ ಮಾಡಿ ಖುಷಿಪಡುವ ಮುಂಚೆ ಸ್ಲಾಟಿನ ಲಿಂಕನ್ನು ಓದಿ. ಲಿನಕ್ಸಿನಲ್ಲಿ ಎಲ್‌ಎಸ್‌ಪಿಸಿಐ ಆಜ್ಞೆಯನ್ನು ಎರಡು ವಿ ಆಯ್ಕೆಯೊಂದಿಗೆ, ರೂಟ್ ಆಗಿ ಓಡಿಸಿದರೆ ಕಾರ್ಡಿನ ಸಾಮರ್ಥ್ಯ ಒಂದು ಸಾಲಿನಲ್ಲಿ, ಈಗಿನ ಸ್ಥಿತಿ ಇನ್ನೊಂದು ಸಾಲಿನಲ್ಲಿ ಬರುತ್ತದೆ. ಎರಡನೇ ಸಾಲಿನಲ್ಲಿ 8 ಜಿಟಿ (3.0ರ ವೇಗ), ವಿಡ್ತ್ ಎಕ್ಸ್4 ಇದ್ದರೆ ಸರಿ. ಎಕ್ಸ್1 ಎಂದೂ ಪಕ್ಕದಲ್ಲಿ ಡೌನ್‌ಗ್ರೇಡೆಡ್ ಎಂದೂ ಕಂಡರೆ ಸ್ಲಾಟು ಲೇನು ಹಂಚಿಕೊಂಡಿದೆ, ಇಲ್ಲವೇ ಕಾರ್ಡಿನ ಚಿನ್ನದ ಅಂಚಿನಲ್ಲಿ ಕೊಳೆಯಿದೆ. ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ ಇನ್ನೊಮ್ಮೆ ಕೂರಿಸಿ. ವಿಂಡೋಸಿನಲ್ಲಿ ಇದೇ ಮಾಹಿತಿ ಪವರ್‌ಶೆಲ್ಲಿನ ಗೆಟ್-ನೆಟ್‌ಅಡಾಪ್ಟರ್‌ಹಾರ್ಡ್‌ವೇರ್‌ಇನ್ಫೊ ಕೊಡುತ್ತದೆ.

ಆಮೇಲೆ ಐಪರ್ಫ್3, ಅಂದರೆ ಎರಡು ಯಂತ್ರಗಳ ನಡುವಿನ ನೆಟ್‌ವರ್ಕ್ ವೇಗ ಅಳೆಯುವ ಟೂಲು. ನಾಲ್ಕು ಸ್ಟ್ರೀಮು, 30 ಸೆಕೆಂಡು, ಒಮ್ಮೆ ನೇರ, ಒಮ್ಮೆ ರಿವರ್ಸ್. 9.4 ಗಿಗಾಬಿಟ್ ಬಂದರೆ ಕಾರ್ಡು, ಸ್ಲಾಟು, ಕೇಬಲ್ಲು ಮೂರೂ ಪಾಸು. 3.16ಕ್ಕಿಂತ ಹಿಂದಿನ ಐಪರ್ಫ್3 ಎಷ್ಟು ಸ್ಟ್ರೀಮು ಕೊಟ್ಟರೂ ಒಂದೇ ಥ್ರೆಡ್ಡಿನಲ್ಲಿ ಓಡುತ್ತದೆ, ನಿಧಾನದ ಪ್ರೊಸೆಸರಿನಲ್ಲಿ 6 ಅಥವಾ 7ಕ್ಕೇ ನಿಲ್ಲಬಹುದು, ಅದಕ್ಕೆ ಕಾರ್ಡನ್ನು ಬೈಯಬೇಡಿ. ಐಪರ್ಫ್‌ನಲ್ಲಿ 9.4 ಇದ್ದು ಫೈಲ್ ಕಾಪಿ 400 ಎಂಬಿಯಲ್ಲಿ ನಿಂತರೆ ತೊಂದರೆ ಡಿಸ್ಕಿನದು ಅಥವಾ ಫೈಲ್ ಶೇರಿಂಗಿನದು, ನೆಟ್‌ವರ್ಕಿನದಲ್ಲ. ಒಂದು ದಿಕ್ಕು ಮಾತ್ರ ನಿಧಾನವಾದರೆ ಈಥ್‌ಟೂಲಿನ ಅಂಕಿಅಂಶದಲ್ಲಿ ಸಿಆರ್‌ಸಿ ಎರರ್ (ದಾರಿಯಲ್ಲಿ ಕೆಟ್ಟುಹೋದ ಡೇಟಾದ ಲೆಕ್ಕ) ಏರುತ್ತಿದೆಯೇ ನೋಡಿ. ಏರುತ್ತಿದ್ದರೆ ಕೇಬಲ್ಲೋ ಮಾಡ್ಯೂಲೋ ಬದಲಿಸುವುದೇ ದಾರಿ.

ಜಂಬೊ ಫ್ರೇಮಿನ ಗೋಜಿಗೆ ಮೊದಲೇ ಹೋಗಬೇಡಿ. ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಬೈಟುಗಳನ್ನು, 1500ರಿಂದ 9000ಕ್ಕೆ ಏರಿಸಿದರೆ 9.4 ಇದ್ದದ್ದು 9.9 ಆಗುತ್ತದೆ, ಪ್ರೊಸೆಸರಿನ ಹೊರೆ ಒಂದಿಷ್ಟು ಇಳಿಯುತ್ತದೆ, ಅಷ್ಟೆ. ನಡುವಿನ ಒಂದೇ ಒಂದು ಸ್ವಿಚ್ಚು 1500ರಲ್ಲಿ ಉಳಿದಿದ್ದರೂ ಪಿಂಗ್ ಹೋಗುತ್ತದೆ, ಫೋಲ್ಡರು ತೆರೆಯುತ್ತದೆ, ಕಾಪಿ ಶುರುವಾದ ಕೂಡಲೇ ಹೆಪ್ಪುಗಟ್ಟುತ್ತದೆ. ಮಾಡಲೇಬೇಕೆಂದರೆ ಫ್ರಾಗ್ಮೆಂಟ್ ಆಗದಂತೆ 8972 ಬೈಟಿನ ಪಿಂಗ್ ಕಳಿಸಿ ಉತ್ತರ ಬರುವುದನ್ನು ನೋಡಿಕೊಳ್ಳಿ.

ಎರಡೇ ಯಂತ್ರವಾದರೆ ಸ್ವಿಚ್ಚು ಬೇಡ, ಕಾರ್ಡಿನಿಂದ ಕಾರ್ಡಿಗೆ ನೇರ ಕೇಬಲ್ಲು ಸಾಕು. ಕ್ರಾಸ್‌ಓವರ್ ಕೇಬಲ್ಲಿನ ಕಾಲ ಮುಗಿದಿದೆ. ಡೆಸ್ಕ್‌ಟಾಪಿನ ವಿಳಾಸ 10.10.10.1, ಸರ್ವರಿನದು 10.10.10.2, ಮಾಸ್ಕು 255.255.255.0. ಗೇಟ್‌ವೇ ಮತ್ತು ಡಿಎನ್‌ಎಸ್ ಜಾಗ ಖಾಲಿ ಬಿಡಿ. ಅಲ್ಲಿ ಏನಾದರೂ ತುಂಬಿಸಿದರೆ ಇಂಟರ್ನೆಟ್ಟಿನ ಟ್ರಾಫಿಕ್ಕು ರೌಟರಿಲ್ಲದ ಈ ಕೇಬಲ್ಲಿನತ್ತ ತಿರುಗಿ ಬ್ರೌಸರು ನಿಲ್ಲುತ್ತದೆ. ಹಳೆಯ 1 ಗಿಗಾಬಿಟ್ ಪೋರ್ಟು ರೌಟರಿಗೆ ಹಾಗೇ ಇರಲಿ. ಕೊನೆಗೆ, ಸರ್ವರಿನ ಶೇರನ್ನು ಮ್ಯಾಪ್ ಮಾಡುವಾಗ ಅದರ ಹೆಸರಿನ ಬದಲು 10.10.10.2 ಎಂದೇ ಕೊಡಿ. ಹೆಸರು ಕೊಟ್ಟರೆ ರೌಟರ್ ಹೇಳುವ ಹಳೇ ವಿಳಾಸಕ್ಕೆ ಹೋಗಿ, ಹೊಸ ಕಾರ್ಡು ಸುಮ್ಮನೆ ಕೂತು, ಕಾಪಿ ಮತ್ತೆ 112 ಎಂಬಿಯಲ್ಲೇ ನಡೆಯುತ್ತದೆ.