ಮಳೆ ಊರಿನಲ್ಲಿ ಹಳೇ ಚರ್ಮ, ಹಳೇ ಉಣ್ಣೆಯ ಚೀಲ: ನನ್ನ ಅನುಭವ

ಕೊಡಗಿನಲ್ಲಿ ಹಳೇ ಚರ್ಮ ಮತ್ತು ಉಣ್ಣೆಯಿಂದ ಚೀಲ ಹೊಲಿಯುವವರು ವರ್ಷದ ಕೆಲಸವನ್ನು ಮಳೆ ನೋಡಿಕೊಂಡು ಹಂಚಬೇಕು. ನವೆಂಬರ್-ಡಿಸೆಂಬರಿನ ಸುಗ್ಗಿಹಬ್ಬ ಹುತ್ತರಿ ಕಳೆದ ಮೇಲಿಂದ ಮೇ ಕೊನೆಯವರೆಗೆ ಸಾಮಾನು ಕೂಡಿಹಾಕುವುದು, ಒಗೆಯುವುದು, ಒಣಗಿಸುವುದು, ಕತ್ತರಿಸುವುದು, ಅಂಟಿಸುವುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರೀ ಕೈಹೊಲಿಗೆ. ಈ ಕ್ರಮ ತಪ್ಪಿದರೆ ಜುಲೈ-ಆಗಸ್ಟಿನ ಕಕ್ಕಡ ಮಾಸದ ಜಡಿಮಳೆಯಲ್ಲಿ ಒಗೆದ ಉಣ್ಣೆ ವಾರವಾದರೂ ಒಣಗದೆ ಮುಗ್ಗಲು ನಾತ ಹಿಡಿಯುತ್ತದೆ, ಅಂಟು ಕಚ್ಚುವುದಿಲ್ಲ, ಹೊಲಿದಿಟ್ಟ ಚೀಲಕ್ಕೆ ಬೂಷ್ಟು ಬರುತ್ತದೆ. ಇಲ್ಲಿ ಬರೆದಿರುವುದೆಲ್ಲ ಈ ಹವೆಗೆ ಹೊಂದಿದ ಕ್ರಮ. ಬಯಲುಸೀಮೆಯವರು ಇದರಲ್ಲಿ ಅರ್ಧ ಎಚ್ಚರಿಕೆ ಬಿಟ್ಟರೂ ನಡೆದೀತು.

ಹಳೇ ಚರ್ಮಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ಸೇನೆಯಲ್ಲಿದ್ದವರ ಮನೆಗಳ ಟ್ರಂಕಿನಲ್ಲಿ ಅಗಲ ಬೆಲ್ಟುಗಳು, ಕೋವಿಯ ಹೆಗಲು ಪಟ್ಟಿಗಳು ಇರುತ್ತವೆ. ಜಾಕೆಟ್ಟು, ಹ್ಯಾಂಡ್‌ಬ್ಯಾಗು, ಸೋಫಾ ಹೊದಿಕೆ ಗುಜರಿಯವರ ಹತ್ತಿರವೂ ಸಿಗುತ್ತವೆ. ಜಾಕೆಟ್ಟಿನ ಕುರಿ, ಆಡಿನ ಚರ್ಮ ಒಂದು ಮಿಲಿಮೀಟರಿಗಿಂತ ತೆಳು, ಸೋಫಾದ್ದು ಒಂದು ಮಿಲಿಮೀಟರಿಗೆ ಸ್ವಲ್ಪ ಮೇಲೆ, ಬೆಲ್ಟು ಮತ್ತು ಕೋವಿಪಟ್ಟಿ ಮೂರರಿಂದ ನಾಲ್ಕು ಮಿ.ಮೀ. ಚೀಲದ ಮೈಗೆ ಮೊದಲಿನ ಎರಡು, ಹಿಡಿಗೆ ಮತ್ತು ರಿಂಗು ಕೂರಿಸುವ ತುಂಡಿಗೆ ಕೊನೆಯದು. ಇದನ್ನು ಅದಲುಬದಲು ಮಾಡಿದರೆ ತೆಳು ಚರ್ಮ ಭಾರಕ್ಕೆ ಜಗ್ಗುತ್ತದೆ, ದಪ್ಪದ್ದು ಮನೆಯ ಹೊಲಿಗೆ ಮೆಷಿನ್ನಿಗೆ ಬಗ್ಗುವುದಿಲ್ಲ.

ಕೈಗೆ ಬಂದದ್ದು ಚರ್ಮವೇ ಎಂದು ಮೊದಲು ಖಾತ್ರಿ ಮಾಡಿಕೊಳ್ಳಬೇಕು. ಕತ್ತರಿಸಿದ ಅಂಚು ಮತ್ತು ಹಿಂಬದಿ ನೋಡಿದರೆ ಸಾಕು. ಹಿಂಬದಿಯಲ್ಲಿ ನೇಯ್ದ ಬಟ್ಟೆ ಕಂಡರೆ ಅದು ರೆಕ್ಸಿನ್. ಕಾಗದದ ಹಾಗೆ ಒಂದೇ ಸಮನಾದ ಬೂದು ಪದರ ಕಂಡರೆ ಚರ್ಮದ ಪುಡಿಯನ್ನು ಅಂಟಿನಲ್ಲಿ ಕಲಸಿ ಒತ್ತಿದ ಹಾಳೆ. ನಿಜವಾದ ಚರ್ಮದ ಹಿಂಬದಿಯಲ್ಲಿ ನಾರು ಎಲ್ಲೆಂದರಲ್ಲಿ ಹೆಣೆದುಕೊಂಡಿರುತ್ತದೆ, ಉಗುರಲ್ಲಿ ಕೆರೆದರೆ ನವಿರಾಗಿ ಏಳುತ್ತದೆ. ಸಿಪ್ಪೆ ಏಳುತ್ತಿರುವ ರೆಕ್ಸಿನ್ನನ್ನು ಯಾರಾದರೂ ಪ್ರೀತಿಯಿಂದ ತಂದುಕೊಟ್ಟರೂ ತೆಗೆದುಕೊಳ್ಳಬೇಡಿ. ಅದರ ಮೇಲಿನ ಪಾಲಿಯುರೆಥೇನ್ ಪದರವನ್ನು ಗಾಳಿಯ ತೇವವೇ ಒಡೆಯುತ್ತದೆ. ಒಮ್ಮೆ ಶುರುವಾದರೆ ಯಾವ ಎಣ್ಣೆ, ಯಾವ ಪಾಲಿಶೂ ತಡೆಯುವುದಿಲ್ಲ.

ಎರಡನೆಯದು ಹದದ ಬಗೆ, ಅಂದರೆ ಹಸಿ ತೊಗಲನ್ನು ಕೊಳೆಯದ ಚರ್ಮವಾಗಿಸಿದ ರೀತಿ. ತಂಗಡಿಯಂಥ ಗಿಡಗಳ ತೊಗಟೆಯಲ್ಲಿ ಹದ ಮಾಡಿದ ಚರ್ಮದ ಅಂಚು ಒಳಗಿನವರೆಗೂ ಕಂದು. ಅದರ ಮೇಲೆ ಒಂದು ಹನಿ ನೀರು ಬಿಟ್ಟರೆ ಬೇಗ ಹೀರಿಕೊಂಡು ಕಪ್ಪಾಗುತ್ತದೆ. ಕ್ರೋಮಿನಲ್ಲಿ, ಅಂದರೆ ಕ್ರೋಮಿಯಂ ಲವಣದಲ್ಲಿ, ಹದ ಮಾಡಿದ್ದರ ಅಂಚಿನ ನಡುವೆ ಸಾಮಾನ್ಯವಾಗಿ ನೀಲಿ ಮಿಶ್ರಿತ ಬೂದು ಗೆರೆ ಕಾಣುತ್ತದೆ. ಜಾಕೆಟ್ಟು, ಸೋಫಾ ಬಹುಪಾಲು ಕ್ರೋಮು. ಹಳೇ ಬೆಲ್ಟು, ಕೋವಿಪಟ್ಟಿ ತೊಗಟೆಯವು. ಸುಟ್ಟು ನೋಡುವ ಪರೀಕ್ಷೆ ಬೇಡ, ಕ್ರೋಮ್ ಚರ್ಮ ಸುಟ್ಟಾಗ ವಿಷಕಾರಿ ಕ್ರೋಮಿಯಂ ಹುಟ್ಟಬಹುದು. ತುಣುಕುಗಳನ್ನು ನೀರೊಲೆಗೆ ಹಾಕುವುದೂ ಇದೇ ಕಾರಣಕ್ಕೆ ಕೂಡದು. ತೊಗಟೆ ಚರ್ಮ ಮಡಚಿದಾಗ ಕೈಗೆ ಕೆಂಪು ಪುಡಿ ಹತ್ತಿದರೆ ಅದರ ನಾರು ಆಮ್ಲದಿಂದ ತಿಂದುಹೋಗಿದೆ ಎಂದರ್ಥ. ಎಷ್ಟೇ ಚೆಂದದ ಪಟ್ಟಿಯಾದರೂ ಭಾರ ಹೊರಲಾರದು, ಬಿಟ್ಟುಬಿಡಿ.

ಸೆಪ್ಟೆಂಬರಿನಲ್ಲಿ ಆಯುಧ ಪೂಜಿಸುವ ಹಬ್ಬ ಕೈಲ್‌ಪೊಳ್ದಿಗೆ ಕೋವಿ ಹೊರತೆಗೆಯುವ ಹೊತ್ತಿಗೆ ಪಟ್ಟಿಯ ಮೇಲೆ ಬಿಳಿ ಪುಡಿ ಕೂತಿರುವುದನ್ನು ಎಲ್ಲರೂ ಕಂಡಿದ್ದಾರೆ. ಅದೆಲ್ಲವೂ ಬೂಷ್ಟಲ್ಲ. ಚರ್ಮದೊಳಗಿನ ಕೊಬ್ಬು ಮೇಲೆ ಬಂದು ಹೆಪ್ಪುಗಟ್ಟಿದರೂ ಹಾಗೇ ಕಾಣುತ್ತದೆ. ಹೇರ್ ಡ್ರೈಯರಿನ ಬಿಸಿಗಾಳಿ ಹಿಡಿದರೆ ಕೊಬ್ಬು ಕರಗಿ ಮಾಯವಾಗುತ್ತದೆ, ಬೂಷ್ಟು ಹಾಗೇ ಉಳಿಯುತ್ತದೆ. ಕೊಬ್ಬಾದರೆ ಒಣ ಬಟ್ಟೆಯಲ್ಲಿ ಉಜ್ಜಿದರೆ ಮುಗಿಯಿತು. ಬೂಷ್ಟಾದರೆ ಮೂಗಿಗೆ ಮಾಸ್ಕ್ ಹಾಕಿ ಅಂಗಳದಲ್ಲಿ ಬ್ರಶ್ಶಿನಿಂದ ಒಣಗಿದಂತೆಯೇ ಕೊಡವಬೇಕು, ಮನೆಯೊಳಗೆ ಕೊಡವಿದರೆ ಬೀಜಕಣಗಳು ಉಣ್ಣೆಯ ರಾಶಿಗೆ ಹೋಗಿ ಕೂರುತ್ತವೆ. ಆಮೇಲೆ ಮೆಡಿಕಲ್ ಶಾಪಿನ ಐಸೊಪ್ರೊಪೈಲ್ ಸ್ಪಿರಿಟ್ಟು ಮತ್ತು ನೀರು ಸಮಸಮ ಬೆರೆಸಿ, ಹಿಂಡಿದ ಬಟ್ಟೆಯಲ್ಲಿ ಎರಡೂ ಬದಿ ಒರೆಸಿ ನೆರಳಲ್ಲಿ ಒಣಗಿಸಿ. ಸ್ಪಿರಿಟ್ಟು ಕೆಲವು ಬಣ್ಣ ಎತ್ತುತ್ತದೆ, ಕಾಣದ ಮೂಲೆಯಲ್ಲಿ ಮೊದಲು ಒರೆಸಿ ನೋಡಿ.

ಒಣಗಿದ ಚರ್ಮಕ್ಕೆ ಜಿಡ್ಡು ಬೇಕು. ಜೇನುಮೇಣ 30 ಗ್ರಾಂ, ಹರಳೆಣ್ಣೆ 90 ಮಿ.ಲೀ., ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಬೇಕು. ಮೇಣ ಕರಗುವುದು ಸುಮಾರು 63 ಡಿಗ್ರಿಯಲ್ಲಿ, ಹಾಗಾಗಿ ನೇರ ಉರಿ ಬೇಕಾಗಿಲ್ಲ. ಜೇನಿನ ಊರಿನಲ್ಲಿ ಒಳ್ಳೆ ಮೇಣಕ್ಕೆ ತೊಂದರೆಯಿಲ್ಲ, ಜೇನುತುಪ್ಪದ ಅಂಶ ಉಳಿಯದಂತೆ ಬಿಸಿನೀರಲ್ಲಿ ಕರಗಿಸಿ ಸೋಸಿಕೊಂಡಿರಬೇಕು ಅಷ್ಟೆ. ಬೆರಳ ತುದಿಯಷ್ಟು ತೆಗೆದು ತೆಳ್ಳಗೆ ಹಚ್ಚಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಒಣಬಟ್ಟೆಯಲ್ಲಿ ತಿಕ್ಕಿ. ಹೆಚ್ಚು ಹಚ್ಚಿದರೆ ಅಂಟಂಟಾಗಿ ಧೂಳು ಹಿಡಿಯುತ್ತದೆ, ಮಳೆಗಾಲದಲ್ಲಿ ಆ ಜಿಡ್ಡೇ ಬೂಷ್ಟಿಗೆ ಆಹಾರ. ಕಡಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆ ಬೇಡ, ಕಮಟು ವಾಸನೆ ಬರುತ್ತದೆ.

ಉಣ್ಣೆಯ ಕಡೆ ಬಂದರೆ, ಹಳೇ ಸ್ವೆಟರನ್ನು ಬಿಸಿನೀರಲ್ಲಿ ಕುಗ್ಗಿಸಿ, ಅಂಚು ಬಿಚ್ಚದ ಗಟ್ಟಿ ಬಟ್ಟೆ ಮಾಡಿಕೊಂಡೇ ಚೀಲಕ್ಕೆ ಬಳಸುವುದು. ಚಳಿಗಾಲದಲ್ಲಿ ರಸ್ತೆ ಬದಿ ಮಾರುವ ಸ್ವೆಟರುಗಳಲ್ಲಿ ಬಹುಪಾಲು ಅಕ್ರಿಲಿಕ್. ಅದನ್ನು ಎಷ್ಟು ಬೇಯಿಸಿದರೂ ಗಟ್ಟಿಯಾಗದು. ಒಂದು ಎಳೆ ಎಳೆದು ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ತೆಗೆದ ಕೂಡಲೇ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ನಿಜವಾದ ಉಣ್ಣೆಯಲ್ಲೂ, ಮೆಷಿನ್ನಿನಲ್ಲಿ ಒಗೆಯಬಹುದು ಎಂದು ಲೇಬಲ್ಲಿನಲ್ಲಿ ಬರೆದಿರುವ ‘ಸೂಪರ್‌ವಾಶ್’ ಬಗೆ ಉಪಯೋಗಕ್ಕಿಲ್ಲ. ಅದರ ಎಳೆಯ ಮೇಲಿನ ಹುರುಪೆಗಳನ್ನು ಸವೆಸಿ ಇಲ್ಲವೇ ಅಂಟಿನಲ್ಲಿ ಮುಚ್ಚಿರುತ್ತಾರೆ, ಆ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಳ್ಳುವುದರಿಂದಲೇ ಉಣ್ಣೆ ಗಟ್ಟಿಯಾಗುವುದು.

ಗಟ್ಟಿ ಮಾಡುವ ಮೊದಲು ಸ್ವೆಟರಿನ ತೋಳು, ಕಾಲರು, ಕೆಳಗಿನ ಪಟ್ಟಿ ಕತ್ತರಿಸಿ, ಪಕ್ಕದ ಹೊಲಿಗೆ ಬಿಚ್ಚಿ ಹಾಳೆ ಮಾಡಿಕೊಳ್ಳಿ. ಇಡೀ ಸ್ವೆಟರನ್ನೇ ಹಾಕಿದರೆ ಹೊಲಿಗೆಯಿದ್ದಲ್ಲಿ ದಪ್ಪಗಾಗಿ, ಮಡಿಕೆಗಳು ಹಾಗೇ ಕೂತುಬಿಡುತ್ತವೆ, ಇಸ್ತ್ರಿಗೂ ಹೋಗುವುದಿಲ್ಲ. ಮೊಣಕೈಗೆ ಚರ್ಮದ ತೇಪೆ ಇದ್ದರೆ ಬಿಡಿಸಿಕೊಳ್ಳಿ, ಬಿಸಿನೀರಿನಲ್ಲಿ ಅದು ಸುರುಟಿ ಮರದ ಚೂರಾಗುತ್ತದೆ. ಮುಂದೆ ಬಾಗಿಲಿರುವ ವಾಷಿಂಗ್ ಮೆಷಿನ್ ಇದ್ದರೆ ತುಂಡುಗಳನ್ನು ದಿಂಬಿನ ಕವರಿಗೆ ಹಾಕಿ ಬಾಯಿ ಕಟ್ಟಿ, ಜೊತೆಗೊಂದು ಹಳೇ ಜೀನ್ಸ್ ಪ್ಯಾಂಟು ಹಾಕಿ 60 ಡಿಗ್ರಿಯಲ್ಲಿ ತಿರುಗಿಸಿ. ಕವರಿಲ್ಲದೆ ಹಾಕಿದರೆ ನೀರು ಹೋಗುವ ಪೈಪು ಉಣ್ಣೆಯಿಂದ ಕಟ್ಟಿಕೊಳ್ಳುತ್ತದೆ. ಒಂದು ಸುತ್ತಿಗೆ ಸಾಲದಿದ್ದರೆ ಇನ್ನೊಂದು. ಬಟ್ಟೆ ಹಿಂಡುವ ಸ್ಪಿನ್ ಕಡಿಮೆ ವೇಗದಲ್ಲಿರಲಿ.

ಮೆಷಿನ್ ಇಲ್ಲದಿದ್ದರೆ ಹಂಡೆಯ ನೀರೇ ಸಾಕು. ಹತ್ತು ಲೀಟರ್ ಬಿಸಿನೀರಿಗೆ ಸುಮಾರು 20 ಗ್ರಾಂ ಮೈಸೋಪು ತುರಿದು ಕರಗಿಸಿ, ರಬ್ಬರ್ ಗ್ಲೌಸ್ ಹಾಕಿಕೊಂಡು ಅರ್ಧ ಗಂಟೆ ಕುಕ್ಕಿ, ತಿಕ್ಕಿ, ನಾದಬೇಕು. ನಡುನಡುವೆ ಹಿಂಡಿ ತಣ್ಣೀರಿಗೆ ಅದ್ದಿ ಮತ್ತೆ ಬಿಸಿನೀರಿಗೆ ಹಾಕಬೇಕು. ಬಟ್ಟೆ ಒಗೆಯುವ ಖಾರದ ಬಾರ್ ಸೋಪು ಹಾಕಿದರೆ ಬೇಗ ಗಟ್ಟಿಯಾಗುವುದು ನಿಜ, ಆದರೆ ಕ್ಷಾರ ಹೆಚ್ಚಾಗಿ ಎಳೆ ಗರಗರ ಅನ್ನುತ್ತದೆ. ಹೆಣಿಗೆಯ ಕಣ್ಣುಗಳು ಮಾಯವಾಗಿ, ಕತ್ತರಿಸಿದ ಅಂಚು ಎಳೆದರೂ ಬಿಚ್ಚದಿದ್ದರೆ ಆಯಿತು. ದಪ್ಪ ಮೂರು ನಾಲ್ಕು ಮಿ.ಮೀ. ಬರುತ್ತದೆ, ಅಳತೆ ಕಾಲು ಭಾಗಕ್ಕಿಂತ ಹೆಚ್ಚೇ ಕುಗ್ಗುತ್ತದೆ. ಉದ್ದಕ್ಕೂ ಅಗಲಕ್ಕೂ ಒಂದೇ ಸಮ ಕುಗ್ಗುವುದಿಲ್ಲವಾದ್ದರಿಂದ ಮೊದಲೇ ಅಳತೆಗೆ ಕತ್ತರಿಸಿಟ್ಟುಕೊಳ್ಳಬೇಡಿ. ಕೊನೆಗೆ ಐದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಬಿಳಿ ವಿನೆಗರ್ ಹಾಕಿ ಅದ್ದಿ, ಚಪ್ಪಟೆಯಾಗಿ ಹರಡಿ ಒಣಗಿಸಿ.

ಕಂಬಳಿಯ ದಾರಿ ಬೇರೆ. ಚಿತ್ರದುರ್ಗ, ಚಳ್ಳಕೆರೆ ಕಡೆಯ ಕಂಬಳಿಗೆ ದಖನಿ ಕುರಿಯ ಒರಟು ಉಣ್ಣೆ, ಮಗ್ಗದ ಉದ್ದದ ಎಳೆಗಳಿಗೆ ಹುಣಸೆಬೀಜದ ಗಂಜಿ ಹಾಕಿ ನೇಯುತ್ತಾರೆ. ಆ ಗಂಜಿ ಉಳಿದರೆ ನಮ್ಮ ಹವೆಯಲ್ಲಿ ಹುಳುವಿಗೂ ಬೂಷ್ಟಿಗೂ ಅದೇ ಊಟ. ಬೆಚ್ಚಗಿನ ನೀರಲ್ಲಿ ರಾತ್ರಿ ನೆನೆಹಾಕಿ, ನೀರು ತಿಳಿಯಾಗುವವರೆಗೆ ಜಾಲಿಸಿ. ಕತ್ತರಿಸಿದ ಅಂಚಿಗೆ ಒಗೆಯುವ ಮೊದಲೇ ಝಿಗ್‌ಝ್ಯಾಗ್ ಹೊಡೆಯದಿದ್ದರೆ ಎಳೆಗಳೆಲ್ಲ ಉದುರುತ್ತವೆ. ಕಂಬಳಿ ಹೆಚ್ಚು ಗಟ್ಟಿಯಾಗುವುದಿಲ್ಲ, ಅದರ ಅಂಚನ್ನು ಚರ್ಮದ ಪಟ್ಟಿಯಿಂದ ಮುಚ್ಚಲೇಬೇಕು. ಆದರೂ ಚೀಲದ ಮೈಗೆ ನನಗೆ ಸ್ವೆಟರಿಗಿಂತ ಕಂಬಳಿಯೇ ಇಷ್ಟ, ಮಳೆಹನಿ ಅದರ ಮೇಲಿಂದ ಜಾರಿಹೋಗುವ ಬಗೆ ಬೇರೆ ಬಟ್ಟೆಗೆ ಬರುವುದಿಲ್ಲ.

ಹುಳು ತಿಂದ ತೂತು ಕಂಡ ಉಣ್ಣೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಾಳಿ ತೆಗೆದು ಕಟ್ಟಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಒಂದು ವಾರ ಇಡಿ. ಹೊರತೆಗೆದ ಮೇಲೆ ಕೋಣೆಯ ಬಿಸಿಗೆ ಬರುವವರೆಗೆ ಕವರು ಬಿಚ್ಚಬೇಡಿ, ಬಿಚ್ಚಿದರೆ ಗಾಳಿಯ ತೇವವೆಲ್ಲ ಉಣ್ಣೆಯ ಮೇಲೆ ನೀರಾಗಿ ಕೂರುತ್ತದೆ.

ಈಗ ಒಂದು ಹೆಗಲುಚೀಲದ ಅಳತೆ. ಉಣ್ಣೆ ಎರಡು ತುಂಡು, ಒಂದೊಂದೂ 21 ಸೆಂ.ಮೀ. ಅಗಲ, 18 ಸೆಂ.ಮೀ. ಎತ್ತರ. ತಳಕ್ಕೆ ಚರ್ಮ ಒಂದೇ ತುಂಡು, 21 ಅಗಲ, 16 ಉದ್ದ. ಚರ್ಮ ಎರಡೂ ಕಡೆ ಉಣ್ಣೆಯ ಮೇಲೆ ಒಂದೊಂದು ಸೆಂ.ಮೀ. ಹತ್ತಿ ಕೂರಬೇಕು. ತಳಕ್ಕೆ ಚರ್ಮವೇ ಏಕೆಂದರೆ ಬಸ್ ಸ್ಟ್ಯಾಂಡಿನ ಬೆಂಚು, ಜೀಪಿನ ನೆಲ, ಎಲ್ಲಿಟ್ಟರೂ ಒದ್ದೆ. ಉಣ್ಣೆಯ ತಳವಾದರೆ ನೀರು ಮೇಲಕ್ಕೇರುತ್ತದೆ. ಪಕ್ಕದ ಹೊಲಿಗೆಗೆ ಒಂದೊಂದು ಸೆಂ.ಮೀ. ಹೋಗಿ, ತಳದ ಮೂಲೆಗಳನ್ನು ಮೂರು ಸೆಂ.ಮೀ. ಅಗಲಕ್ಕೆ ಅಡ್ಡ ಹೊಲಿದರೆ ಚೀಲ ನಿಲ್ಲುತ್ತದೆ. ಒಳಬಟ್ಟೆಗೆ ಮುರಿದ ಕೊಡೆಯ ಬಟ್ಟೆಗಿಂತ ಒಳ್ಳೆಯದಿಲ್ಲ. ಹಗುರ, ನೀರು ತಡೆಯುತ್ತದೆ, ಬೇಗ ಒಣಗುತ್ತದೆ. ಕೊಡೆಯ ತ್ರಿಕೋನದ ಅಗಲ ಬುಡದಿಂದ ಒಂದು ಬದಿ ಸಿಗುತ್ತದೆ, ಎರಡು ತ್ರಿಕೋನಕ್ಕೆ ಒಂದು ಚೀಲ.

ಹೆಗಲಪಟ್ಟಿಯನ್ನು ಜಾಕೆಟ್ಟಿನ ಬೆನ್ನಿನಿಂದ ನಿಲುವಾಗಿ ಕತ್ತರಿಸಬೇಕು. ಹೊಟ್ಟೆಭಾಗದ ಚರ್ಮವೂ, ತೋಳಿನ ಮೊಣಕೈ ಭಾಗವೂ ಎಳೆದರೆ ಹಿಗ್ಗುತ್ತದೆ, ತಿಂಗಳಲ್ಲಿ ಚೀಲ ಮಂಡಿಗೆ ಬಂದಿರುತ್ತದೆ. 45 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲದ ಮೂರು ಪಟ್ಟಿ ಬೇಕು. ಜೋಡಿಸುವ ತುದಿಗಳನ್ನು ಚರ್ಮ ಕತ್ತರಿಸುವ ಉಳಿ ರಂಪಿಗೆಯನ್ನು ಮಲಗಿಸಿ ಹಿಡಿದು ಒಳಬದಿಯಿಂದ ಸವರಿ ಅರ್ಧ ದಪ್ಪಕ್ಕೆ ತಂದು, ಮೂರು ಸೆಂ.ಮೀ. ಒಂದರ ಮೇಲೊಂದು ಬರುವಂತೆ ಅಂಟಿಸಿ. ನಡುವೆ 2 ಸೆಂ.ಮೀ. ಅಗಲದ ನೂಲಿನ ನವಾರ, ಅಂದರೆ ದಪ್ಪ ನೇಯ್ಗೆಯ ಪಟ್ಟಿ, ಇಟ್ಟು ಎರಡೂ ಅಂಚು ಒಳಕ್ಕೆ ಮಡಚಿ. ಭಾರವನ್ನು ನವಾರ ಹೊರುತ್ತದೆ, ಚರ್ಮ ಹೊದಿಕೆ ಮಾತ್ರ. ತುದಿಗಳು ರಿಂಗಿಗೆ ಮಡಚಿಹೋಗಿ ಸುಮಾರು 120 ಸೆಂ.ಮೀ. ಉಳಿಯುತ್ತದೆ.

ಚಪ್ಪಲಿಗೆ ಹಾಕುವ ಹಳದಿ ರಬ್ಬರ್ ಅಂಟೇ ಸರಿ. ಬಿಳಿ ಫೆವಿಕಾಲ್ ಚರ್ಮದ ಮಡಿಕೆಯಲ್ಲಿ ಗಟ್ಟಿಯಾಗಿ ಒಡೆಯುತ್ತದೆ. ಎರಡೂ ಮೈಗೆ ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಆರಲು ಹತ್ತು ಹದಿನೈದು ನಿಮಿಷ ಬಿಟ್ಟು, ಆಮೇಲೆ ಒತ್ತಿ. ಮಳೆಯಲ್ಲಿ ಇದು ಕೈಕೊಡಲು ಕಾರಣವಿದೆ: ಅಂಟಿನ ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ, ಅದರ ಮೇಲೆ ಗಾಳಿಯ ತೇವ ಕಣ್ಣಿಗೆ ಕಾಣದ ಪದರವಾಗಿ ಕೂರುತ್ತದೆ. ಒತ್ತಿದಾಗ ಅಂಟಿದಂತಿದ್ದು ಮರುದಿನ ಸುಲಿಯುತ್ತದೆ. ಮಳೆಗಾಲದಲ್ಲಿ ಅಂಟಿಸಲೇಬೇಕಾದರೆ ಒತ್ತುವ ಮೊದಲು ಡ್ರೈಯರಿನಿಂದ ಬೆಚ್ಚಗೆ ಮಾಡಿಕೊಳ್ಳಿ, ಹತ್ತಿರದಲ್ಲಿ ಬೆಂಕಿ ಇರಬಾರದು, ಕಿಟಕಿ ತೆರೆದಿರಲಿ.

ಮೆಷಿನ್ನಿನಲ್ಲಿ ಹೊಲಿಯುವವರು ಲೆದರ್ ಸೂಜಿ ಹಾಕಿ, ಜಾಕೆಟ್ಟಿನ ಚರ್ಮಕ್ಕೆ 14, ಸೋಫಾದ್ದಕ್ಕೆ 16 ಇಲ್ಲವೇ 18 ನಂಬರ್. ಹೊಲಿಗೆಯ ಅಂತರ ಮೂರೂವರೆಯಿಂದ ನಾಲ್ಕು ಮಿ.ಮೀ. ಇರಲಿ. ಒತ್ತೊತ್ತಾಗಿ ಹೊಡೆದರೆ ಅಂಚೆಚೀಟಿಯ ಹಾಗೆ ಆ ಸಾಲಿನಲ್ಲೇ ಹರಿಯುತ್ತದೆ. ಚರ್ಮ ಮೆಷಿನ್ನಿನ ಬಟ್ಟೆ ಒತ್ತುವ ಪಾದಕ್ಕೆ ಅಂಟಿ ನಿಧಾನವಾಗುತ್ತದೆ, ಕೆಳಗಿನ ಉಣ್ಣೆ ಮುಂದೆ ಓಡಿ ಸುಕ್ಕುಗಟ್ಟುತ್ತದೆ. ಟೆಫ್ಲಾನ್ ಪಾದ ಇಲ್ಲದಿದ್ದರೆ ಚರ್ಮದ ಮೇಲೆ ಬಟರ್ ಪೇಪರ್ ಇಟ್ಟು ಹೊಲಿದು ಹರಿದು ತೆಗೆಯಿರಿ. ಗುಂಡುಪಿನ್ ಬೇಡ, ತೂತು ಮುಚ್ಚುವುದಿಲ್ಲ. ಬಟ್ಟೆ ಒಣಹಾಕುವ ಕ್ಲಿಪ್ಪು ಸಾಕು.

ಕೈಹೊಲಿಗೆಗೆ ಮೇಣ ಸವರಿದ ಪಾಲಿಯೆಸ್ಟರ್ ದಾರ, 0.8 ಮಿ.ಮೀ. ನೂಲಿನ ದಾರ ತೇವಕ್ಕೆ ಕೊಳೆಯುತ್ತದೆ. ಹೊಲಿಗೆಯ ಉದ್ದದ ನಾಲ್ಕು ಪಟ್ಟು ದಾರ ಕತ್ತರಿಸಿ, ಎರಡೂ ತುದಿಗೆ ಮೊಂಡು ಸೂಜಿ ಪೋಣಿಸಿ. ತೂತಿನ ಗುರುತಿಗೆ ಊಟದ ಫೋರ್ಕಿನ ಹಲ್ಲು ಒತ್ತಿದರೂ ಸಾಲು ನೇರ ಬರುತ್ತದೆ. ಮೋಚಿಯ ಆರಿಯಿಂದ ಚುಚ್ಚಿ, ಒಂದೇ ತೂತಿನಲ್ಲಿ ಎರಡೂ ಸೂಜಿ ಎದುರುಬದುರು ದಾಟಿಸಿ ಎಳೆಯಬೇಕು. ಹೀಗೆ ಹೊಲಿದರೆ ಒಂದು ಕಡೆ ದಾರ ತುಂಡಾದರೂ ಇನ್ನೊಂದು ಎಳೆ ಹಿಡಿದಿರುತ್ತದೆ.

ರಿಂಗು, ಬಕಲ್ಲಿಗೆ ಅಯಸ್ಕಾಂತ ಹಿಡಿದು ನೋಡಿ, ಅಂಟಿದರೆ ಕಬ್ಬಿಣ. ತೊಗಟೆ ಚರ್ಮದಲ್ಲಿರುವ ಒಗರಿಗೂ ಒದ್ದೆ ಕಬ್ಬಿಣಕ್ಕೂ ಸೇರಿದರೆ ಕಪ್ಪು ಶಾಯಿಯೇ ಹುಟ್ಟುತ್ತದೆ, ಆ ಕಲೆ ಹೋಗುವುದಿಲ್ಲ. ಹಿತ್ತಾಳೆಯದನ್ನೇ ಹಾಕಿ. ಹಳೇ ಬ್ಯಾಗಿನ ಜಿಪ್ಪು ಚೆನ್ನಾಗಿದ್ದರೆ ರನ್ನರ್ ಮಾತ್ರ ಬದಲಿಸಿ, ಹಲ್ಲಿಗೆ ಮೇಣ ತಿಕ್ಕಿದರೆ ಸಲೀಸಾಗಿ ಓಡುತ್ತದೆ.

ಸಿದ್ಧವಾದ ಚೀಲವನ್ನು ಪಾಲಿಥೀನ್ ಕವರಿನಲ್ಲಿ ಕಟ್ಟಿಡಬಾರದು. ನೂಲಿನ ಚೀಲದೊಳಗೆ ಹಾಕಿ, ಹೊರಗೋಡೆಗೆ ಅಂಟಿರದ ಬೀರುವಿನಲ್ಲಿಡಿ. ಕೊಳ್ಳುವವರಿಗೆ ಹೇಳಲೇಬೇಕಾದ್ದು ಎರಡು. ನೆನೆದರೆ ಒಳಗೆ ನ್ಯೂಸ್‌ಪೇಪರ್ ತುಂಬಿ, ಪೇಪರ್ ಒದ್ದೆಯಾದಂತೆ ಬದಲಿಸುತ್ತ ಗಾಳಿಯಲ್ಲಿ ಆರಿಸಬೇಕು. ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಚರ್ಮ ಕುಗ್ಗಿ ಸೆಟೆಯುತ್ತದೆ. ಕೊಳಕಾದರೆ ಆ ಜಾಗವನ್ನಷ್ಟೇ ತಣ್ಣೀರಿನ ಬಟ್ಟೆಯಲ್ಲಿ ಒತ್ತಿ ತೆಗೆಯಬೇಕು, ವಾಷಿಂಗ್ ಮೆಷಿನ್ನಿಗೆ ಹಾಕಿದರೆ ಉಣ್ಣೆ ಮತ್ತಷ್ಟು ಕುಗ್ಗಿ ತಳದ ಚರ್ಮದಿಂದ ಹೊಲಿಗೆ ಕಿತ್ತುಬರುತ್ತದೆ.